ಎರಡಕ್ಷರದ ಉಡುಗೊರೆ

"ಇವು ಯಾರ ಕಾಲಾಗಿನವು ತಂಗಿ?"

ಮಲಕಾಜಪ್ಪ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಕಪ್ಪಿಟ್ಟಿದ್ದ ಎರಡು ಪುಟ್ಟ ಕಾಲ್ಗಡಗಗಳನ್ನು ಬೆಳಕಿಗೆ ಹಿಡಿದು ಕೇಳಿದ.

"ನನ್ನ ಕಾಲಾಗಿನವ್ರಿ" ಎಂದಳು ಸೋನಾಬಾಯಿ.

"ಹಂಗಾರ ಈಗ ಮಗಳಿಗೇನು?"

"ಅಲ್ರಿ, ತಮ್ಮನ ಮಗಳಿಗೆ. ಬರೋ ಐತವಾರ ಒಂದು ವರ್ಷ ತುಂಬತೈತಿ."

ಬೆಳ್ಳಿ ಅಂಗಡಿಯವನಿಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕೇ? ಅವನ ಕಣ್ಣು ಸೋನಾಬಾಯಿಯ ಸೆರಗು ಹಿಡಿದು ನಿಂತಿದ್ದ ಎಂಟು ವರ್ಷದ ಮಗನ ಮೇಲೆ ಹೋಯಿತು. ಹುಡುಗನ ಕಿವಿಗೆ ಸಿಕ್ಕಿಸಿದ್ದ ಮಷೀನಿನ ಮೇಲೆ ಒಂದು ಗಳಿಗೆ ನಿಂತು ಮತ್ತೆ ಕಡಗಕ್ಕೆ ಬಂತು. "ಛಲೋ ಆತು ಬಿಡು. ಒಳಗಿಂದು ಒಳಗಽ ಉಳೀತು. ಪಾಲಿಶ್ ಮಾಡಸ್ತೇನಿ, ಎರಡು ತಾಸು ಬಿಟ್ಟು ಬಾ" ಎಂದ.

ಒಳಗಿನದು ಒಳಗೇ ಉಳಿಯಿತು! ಸೋನಾಬಾಯಿಯ ಮನೆತನದಲ್ಲಿ ಇದಕ್ಕೆ ಹೆಣ್ಣು ಹಿಡಿಯುವುದು ಅನ್ನುತ್ತಾರೆ. ಗಂಡು ಹಡೆದ ಸೋದರತ್ತೆ ಬಂದು ಅಣ್ಣತಮ್ಮಂದಿರ ಹೆಣ್ಣುಕೂಸಿನ ಕಾಲಿಗೆ ಬೆಳ್ಳಿ ಹಾಕಿದಳೆಂದರೆ ಮುಗಿಯಿತು, ಆ ಕೂಸು ಅವಳ ಸೊಸೆ. ಅದಕ್ಕೆ ಪತ್ರವಿಲ್ಲ, ಪಂಚರಿಲ್ಲ, ಆದರೂ ಅಳಿಸಲಿಕ್ಕಾಗುವುದಿಲ್ಲ. ಇಪ್ಪತ್ತೇಳು ವರ್ಷದ ಹಿಂದೆ ಸೋದರತ್ತೆ ಹುಲಿಗೆವ್ವ ಹೀಗೆಯೇ ಬಂದು ಅಣ್ಣನ ಮಗಳಾದ ಸೋನಾಬಾಯಿಯ ಕಾಲಿಗೆ ಇವೇ ಕಡಗಗಳನ್ನು ಹಾಕಿ ಹೋಗಿದ್ದಳು. ಹದಿನೆಂಟು ತುಂಬುತ್ತಲೇ ಹುಲಿಗೆವ್ವನ ಮಗ ಕರೆಪ್ಪನ ಜೊತೆ ಮದುವೆಯಾಯಿತು. ನಿನಗೆ ಒಪ್ಪಿಗೆಯೇನೇ ಎಂದು ಯಾರೂ ಕೇಳಲಿಲ್ಲ. ಕೇಳುವುದೊಂದು ಇರುತ್ತದೆಂದು ಅವಳಿಗೂ ಗೊತ್ತಿರಲಿಲ್ಲ.

ಹಾಗೆಂದು ಕರೆಪ್ಪ ಕೆಟ್ಟವನೇನಲ್ಲ. ಕುಡಿಯುವುದಿಲ್ಲ, ಹೊಡೆಯುವುದಿಲ್ಲ, ದ್ರಾಕ್ಷಿ ತೋಟದ ಕೆಲಸಕ್ಕೆ ಹೊತ್ತಿಗೆ ಸರಿಯಾಗಿ ಹೋಗಿ ಬರುತ್ತಾನೆ. ಮಾತೊಂದು ಆಡುವುದಿಲ್ಲ. ಹತ್ತು ವರ್ಷದಲ್ಲಿ ಗಂಡ ಹೆಂಡತಿ ಕೂತು ಆಡಿದ ಮಾತನ್ನೆಲ್ಲ ಒಂದು ಸೇರಿನಲ್ಲಿ ಅಳೆದರೆ ಸೇರು ತುಂಬಲಿಕ್ಕಿಲ್ಲ. ಇದರ ನಡುವೆ ಹುಟ್ಟಿದ ಮಗನಿಗೆ ಕಿವಿಯೇ ಕೇಳಿಸದು! ವಿಜಯಪುರದ ಡಾಕ್ಟರು ಧರ್ಮರಾಜನ ಕಿವಿ ಪರೀಕ್ಷೆ ಮಾಡಿ, ಕಾಗದದಿಂದ ತಲೆಯೆತ್ತದೆ ಕೇಳಿದ್ದು ಒಂದೇ ಪ್ರಶ್ನೆ: "ಸಂಬಂಧದೊಳಗ ಲಗ್ನ ಆಗೀರೇನು?" ಆ ದಿನ ತಮ್ಮೂರು ತಿಕೋಟಾದವರೆಗೆ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿಯೇ ಕೂತಿದ್ದಳು.

ಈಗ ಅದೇ ಕಡಗ ತಮ್ಮನ ಮಗಳು ಮೇಘಾಳ ಕಾಲಿಗೆ. ಬೆಳಿಗ್ಗೆ ಹುಲಿಗೆವ್ವ ಟ್ರಂಕಿನ ತಳದಿಂದ ಅರಿವೆಯ ಗಂಟು ತೆಗೆದು ಕೈಯಲ್ಲಿಟ್ಟಿದ್ದಳು. "ಸಾಲಿಗೆ ಹೆಂಗೂ ವಿಜಾಪುರಕ್ಕ ಹೊಂಟಿ, ಇವನ್ನ ತಿಕ್ಕಿಸ್ಕೊಂಡು ಬಾ. ಹುಟ್ಟಿದ ದಿನ ನಾನಽ ಹಾಕ್ತೇನಿ, ನೀ ಬರೇ ಬಾಜೂಕ ಕುಂದರು."

"ಅತ್ತಿ, ಇಷ್ಟು ಅವಸರ ಯಾಕ್ರಿ? ಇನ್ನಾ ಕೂಸದು."

"ಅವಸರ ಯಾಕಂತೀಯಲ್ಲ ಬೇ! ಕಿವುಡ ಹುಡುಗಗ ಹೊರಗಿನವ್ರು ಯಾರ ಹೆಣ್ಣ ಕೊಡ್ತಾರ? ನನ್ನ ಮೊಣಕಾಲು ಇವತ್ತೋ ನಾಳೆಯೋ ಅಂತಾವ. ನಾ ಸತ್ತೆ, ನೀ ಸತ್ತಿ, ಆಮ್ಯಾಲ ಇವಂಗ ಒಂದು ರೊಟ್ಟಿ ಬಡದು ಹಾಕಾಕ ಯಾರದಾರ? ಶಿವಾಜಿ ನಿನಗ ಇಲ್ಲ ಅನ್ನಾಂವಲ್ಲ. ಅಂವ ಹೂಂ ಅನ್ನೋ ಹೊತ್ತಿನ್ಯಾಗಽ ಗುರುತು ಹಾಕಿಬಿಡಬೇಕು."

ಅಲ್ಲಿಯೇ ಇತ್ತು ನೋಡಿ ಕಷ್ಟ. ಹುಲಿಗೆವ್ವ ಸುಳ್ಳು ಹೇಳಿರಲಿಲ್ಲ. ಬಬಲೇಶ್ವರದಲ್ಲಿದ್ದ ತಮ್ಮ ಶಿವಾಜಿ ನಿಜವಾಗಿಯೂ ಇಲ್ಲ ಅನ್ನುವವನಲ್ಲ. ಅವ್ವ ತೀರಿಕೊಂಡಾಗ ಅವನಿಗೆ ಒಂಬತ್ತು ವರ್ಷ, ಇವಳಿಗೆ ಹನ್ನೆರಡು. ಅಂದಿನಿಂದ ಅವನ ಹೊಟ್ಟೆಗೆ ಹಾಕಿದವಳು ಇವಳು. ಲೈನ್‌ಮನ್ ನೌಕರಿ ಸಿಕ್ಕ ದಿನ ಅವನು ಮೊದಲು ಕಾಲು ಮುಟ್ಟಿದ್ದು ಅಕ್ಕನದು. ಆದರೆ ಅವನ ಹೆಂಡತಿ ಪೂನಮ ಮೂರು ದಿನದ ಕೆಳಗೆ ಫೋನು ಮಾಡಿದ್ದಳು. "ಅಕ್ಕಾರ, ಭಾಳ ಮಂದಿ ಏನಿಲ್ರಿ, ಸಾದಾ ಮಾಡಾಕತ್ತೇವಿ. ಬರೇ ಬಂದು ಹೋಗ್ರಿ. ಬೆಳ್ಳಿ ಗಿಳ್ಳಿ ಅಂತ ಏನೂ ತರಬ್ಯಾಡ್ರಿ" ಎಂದು ಹೇಳಿ ಬಹಳ ಹೊತ್ತು ಸುಮ್ಮನಿದ್ದಳು. ಫೋನು ಇಡಲೂ ಇಲ್ಲ. ಒಣದ್ರಾಕ್ಷಿ ಶೆಡ್ಡಿನಲ್ಲಿ ಕಡ್ಡಿ ಕಸ ಆರಿಸುತ್ತ ಕೂತಿದ್ದ ಸೋನಾಬಾಯಿಗೆ ಆ ಸುಮ್ಮನಿರುವಿಕೆ ಚೆನ್ನಾಗಿ ಅರ್ಥವಾಗಿತ್ತು. ಅರ್ಥವಾಗಿ ಮಾಡುವುದೇನು? ಉಗುಳಲಿಕ್ಕಾಗದ, ನುಂಗಲಿಕ್ಕಾಗದ ಬಿಸಿತುಪ್ಪ. ಹಾಕಿದರೆ ಒಂದು ಹೆಣ್ಣಿನ ಬಾಳು ತೊಟ್ಟಿಲಲ್ಲೇ ತೀರ್ಮಾನ. ಹಾಕದಿದ್ದರೆ ತನ್ನ ಮಗ ಒಂಟಿ.

ಸುಳ್ಳು ಯಾಕೆ ಹೇಳಬೇಕು, ಅವಳಿಗೂ ಆಸೆಯಾಗಿತ್ತು. ಬಹಳ ಸಲ ಆಗಿತ್ತು. ಬೆಳಗಿನಿಂದ ಬೈಗಿನ ತನಕ ಬಗ್ಗಿ ಕೂತು ಕುತ್ತಿಗೆ ಕಲ್ಲಾದಾಗ, ಶೆಡ್ಡಿನ ಬಾಗಿಲಲ್ಲಿ ಧರ್ಮ ಒಬ್ಬನೇ ಕೂತು ಬೆರಳಿನೊಂದಿಗೆ ಆಡುವುದನ್ನು ಕಂಡಾಗ, ಮೇಘಾ ಬಂದರೆ ಮನೆಯವಳೇ ಬಂದಂತೆ, ಅವಳು ಇವನನ್ನು ನೋಡಿ ನಗುವುದಿಲ್ಲ ಎಂದು ಎಷ್ಟೋ ಸಲ ಅನಿಸಿತ್ತು. ದಣಿದ ಜೀವಕ್ಕೆ ಒರಗಲು ಎಂಥ ಗೋಡೆಯಾದರೂ ಸಾಕು.

ಮಾತು ಕಲಿಸುವ ಶಾಲೆ ಎರಡು ಗಲ್ಲಿ ಆಚೆಗಿತ್ತು. ನಾಜಿಯಾ ಟೀಚರು ವಾರಕ್ಕೊಂದು ದಿನ ತಾಯಂದಿರನ್ನೂ ಮಕ್ಕಳ ಜೊತೆ ಕೂರಿಸಿಕೊಳ್ಳುತ್ತಾಳೆ. ಈ ವಾರದ ಪಾಠ ಮನೆಯವರದು. ಸೋನಾಬಾಯಿಯ ಫೋನಿನಲ್ಲಿದ್ದ ಫೋಟೋಗಳನ್ನು ಒಂದೊಂದೇ ತೋರಿಸುತ್ತ ಹೋದಳು. ಧರ್ಮ ಅವ್ವ ಅಂದ, ಅಪ್ಪ ಅಂದ. ಅಜ್ಜಿ ಅನ್ನುವಾಗ ಜ್ಜಿ ಜಾರಿ ಎಲ್ಲಿಯೋ ಹೋಯಿತು. ನಾಲ್ಕನೆಯ ಫೋಟೋದಲ್ಲಿ ಮೇಘಾ ಬಾಯಿ ತುಂಬ ಗಂಜಿ ಮೆತ್ತಿಕೊಂಡು ಕೂತಿದ್ದಳು.

"ಈ ಕೂಸು ಇವಂಗ ಏನಾಗಬೇಕ್ರಿ?"

"ಮಾವನ ಮಗಳ್ರಿ."

"ಅದು ಭಾಳ ಉದ್ದ ಆತು. ಇವಂಗ ಸದ್ಯಕ್ಕ ಎರಡಕ್ಷರದ ಮಾತಷ್ಟಽ ದಕ್ಕತಾವ, ನೀರು, ರೊಟ್ಟಿ ಇದ್ದಂಗ. ಎರಡಕ್ಷರದಾಗ ಏನಂತ ಕರೀಬೇಕು ಹೇಳ್ರಿ, ಅದನ್ನಽ ಕಲಸೂಣು."

ಎರಡಕ್ಷರದಲ್ಲಿ! ಹುಲಿಗೆವ್ವ ಆಗಲೇ ಒಂದು ಮಾತು ಆರಿಸಿಟ್ಟಿದ್ದಳು. ದಿನಾ ಸಂಜೆ ಇದೇ ಫೋಟೋ ತೋರಿಸಿ, ಮೊಮ್ಮಗನ ಗದ್ದ ಹಿಡಿದು "ಹೆಂಡ್ತಿ ಅನ್ನಲೇ, ಹೆಂಡ್ತಿ" ಎಂದು ನಗುತ್ತಿದ್ದಳು. ಅವನ ಬಾಯಿಂದ ಹೆ ಅನ್ನುವ ಉಸಿರೊಂದು ಹೊರಟು ನಿಂತುಬಿಡುತ್ತಿತ್ತು. ಇನ್ನೊಂದು ತಿಂಗಳು ಬಿಟ್ಟರೆ ಪೂರಾ ಅಂದೇ ಬಿಡುತ್ತಾನೆ. ಒಮ್ಮೆ ಕಲಿತ ಮಾತನ್ನು ಇವನು ಮರೆಯುವುದಿಲ್ಲ, ಅಷ್ಟು ಕಷ್ಟಪಟ್ಟು ಕಲಿಯುತ್ತಾನೆ.

ಸೋನಾಬಾಯಿ ಫೋನಿನಲ್ಲಿದ್ದ ಕೂಸಿನ ಮುಖ ನೋಡಿದಳು. ಬೆಳ್ಳಿ ಅಂಗಡಿಯ ಆ ಮುದುಕ, ಅವಳ ಹೆಸರು ಕುಲ ಒಂದೂ ಗೊತ್ತಿಲ್ಲದವನು, ಬಾಯಿ ತೆರೆದವನೇ ತನ್ನನ್ನು ಏನೆಂದು ಕರೆದ? ಬೀದಿಯವನು ಕರೆದರೂ ಸರಿಯೇ, ಆ ಮಾತು ಮಾತೇ. ಒಮ್ಮೆ ಹಾಗೆ ಕರೆದವಳ ಕೊರಳಿಗೆ ತಾಳಿ ಕಟ್ಟುವ ಗಂಡು ಅವರ ಸೀಮೆಯಲ್ಲಿ ಹುಟ್ಟಿಲ್ಲ.

"ತಂಗಿ ಅಂತ ಕಲಸ್ರಿ" ಎಂದಳು.

ನಾಜಿಯಾಳ ಕೈಯಲ್ಲಿದ್ದ ಪೆನ್ನು ನಿಂತಿತು. ಮಾವನ ಮಗಳು ಅಂದರೆ ಏನೆಂದು ಅವಳಿಗೂ ಗೊತ್ತು, ಅವರಲ್ಲಿಯೂ ಒಳಗೇ ಕೊಟ್ಟು ತರುತ್ತಾರೆ. "ಖರೇನಽ ಸೋನಾಬಾಯಿ? ಮನ್ಯಾಗ ಕೇಳೀರೇನು?"

"ಕೇಳಿದ್ರ ಆಗೂದಿಲ್ರಿ. ಐತವಾರದೊಳಗ ಬರಬೇಕ್ರಿ ಇವನ ಬಾಯಾಗ."

ಹುಡುಗನ ಅಂಗೈಯನ್ನು ತಾಯಿಯ ಗಂಟಲ ಮೇಲಿಡಿಸಿ ಕಲಿಸುವುದು ಆ ಶಾಲೆಯ ಪದ್ಧತಿ. ತಂ ಅನ್ನುವುದು ತುಟಿ ಮತ್ತು ನಾಲಿಗೆಯಲ್ಲಿ ಕಾಣುತ್ತದೆ. ಗಿ ಮಾತ್ರ ಕಾಣುವುದಿಲ್ಲ, ಒಳಗೆಲ್ಲೋ ಹುಟ್ಟುತ್ತದೆ, ಬೆರಳಿಗೆ ತಾಗಿದರಷ್ಟೇ ಸಿಕ್ಕೀತು. ಅರ್ಧ ತಾಸು ಕಲಿಸಿದರೂ ತಂ ಒಂದೇ ಬಂತು.

ಮಲಕಾಜಪ್ಪ ಕೊಟ್ಟ ಕಡಗ ಈಗ ಹೊಸದರ ಹಾಗೆ ಹೊಳೆಯುತ್ತಿತ್ತು. ಕಳೆದು ಹೋಯಿತು ಎಂದು ಹೇಳಿಬಿಡಲೇ ಎಂದು ಅವಳಿಗೆ ಅನ್ನಿಸದೆ ಇರಲಿಲ್ಲ. ಏನು ಪ್ರಯೋಜನ, ಹುಲಿಗೆವ್ವ ಬೇರೆ ತಂದಾಳು. ಬಸ್‌ಸ್ಟ್ಯಾಂಡಿನ ಹೊರಗೆ ಆಟಿಕೆಯ ಗಾಡಿಯವನ ಮುಂದೆ ಧರ್ಮ ನಿಂತುಬಿಟ್ಟ. ಪೀಪಿ, ಗಿಲಕಿ, ಕೀ ಕೊಟ್ಟರೆ ಹಾಡುವ ಗೊಂಬೆ ಯಾವುದನ್ನೂ ಅವನು ನೋಡಲಿಲ್ಲ. ದಾರ ಹಿಡಿದು ಎಳೆದರೆ ರೆಕ್ಕೆ ಬಡಿಯುತ್ತ ಬರುವ ಹಳದಿ ಬಾತುಕೋಳಿಯ ಮೇಲೆ ಬೆರಳಿಟ್ಟ. ಸೋನಾಬಾಯಿ ಚೌಕಾಸಿ ಮಾಡಲಿಲ್ಲ, ಮಾಡುವ ತ್ರಾಣವೂ ಇರಲಿಲ್ಲ.

ತಿಕೋಟಾದ ಬಸ್ಸು ತುಂಬಿತ್ತು. ಹೇಗೋ ಸಿಕ್ಕ ಸೀಟಿನಲ್ಲಿ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವನ ಕೈಯನ್ನು ಗಂಟಲ ಮೇಲಿಟ್ಟುಕೊಂಡಳು. ತಂಗಿ. ತಂಗಿ. ತಂಗಿ. ಪಕ್ಕದ ಹೆಂಗಸು ಒಮ್ಮೆ ತಿರುಗಿ ನೋಡಿದಳು. ನಿನ್ನ ಬಾಗಿಲು ನಾನೇ ಮುಚ್ಚುತ್ತಿದ್ದೇನೆ ಮಗನೇ, ನೀನೇ ಚಿಲಕ ಹಾಕು ಎಂದು ಕಲಿಸುತ್ತಿದ್ದೇನೆ ಎಂದು ಅನ್ನಿಸಿ ಅವಳ ದನಿ ಕಟ್ಟಿತು. ಗಂಟಲು ನಡುಗಿದ್ದು ಧರ್ಮನ ಬೆರಳಿಗೆ ತಿಳಿಯಿತು. ಇದೂ ಪಾಠವೇ ಇರಬೇಕೆಂದು ಅವನು ತನ್ನ ಗಂಟಲನ್ನೂ ಹಾಗೆಯೇ ನಡುಗಿಸಿ ತೋರಿಸಿದ. ಮುಂದಿನ ಮೂರು ದಿನ ನೀರು ತುಂಬುವಾಗ, ರೊಟ್ಟಿ ಬಡಿಯುವಾಗ, ಅತ್ತೆ ಹಿತ್ತಲಿಗೆ ಹೋದಾಗ ಅದೇ ಕೆಲಸ. ಶನಿವಾರ ಮಧ್ಯಾಹ್ನ ಗಿ ಬಂತು. ಸೋನಾಬಾಯಿಗೆ ಸಂತೋಷವಾಯಿತೋ ದುಃಖವಾಯಿತೋ, ಹಿಟ್ಟಿನ ಕೈಯಲ್ಲೇ ಮುಖ ಒರೆಸಿಕೊಂಡಳು.

ಭಾನುವಾರ ಬಬಲೇಶ್ವರದ ಮನೆಯಲ್ಲಿ ಹತ್ತು ಹನ್ನೆರಡು ಮಂದಿ ಇದ್ದರು. ಕರೆಪ್ಪ ತೋಟದ ಕೆಲಸ ಬಿಟ್ಟು ಬಂದಿರಲಿಲ್ಲ. ಗೋಡೆಗೆ ಬಲೂನು, ನಡುವೆ ಕೇಕು, ಜಮಖಾನೆಯ ಮೇಲೆ ಗುಲಾಬಿ ಫ್ರಾಕು ತೊಟ್ಟ ಮೇಘಾ. ಪೂನಮ ಮಗಳನ್ನು ತೊಡೆಯ ಮೇಲಿಟ್ಟುಕೊಂಡು, ಅವಳ ಎರಡೂ ಕಾಲು ಸೆರಗಿನೊಳಗೆ ಮುಚ್ಚಿಕೊಂಡು ಕೂತಿದ್ದಳು. ಬಂದವರನ್ನೆಲ್ಲ ನಗುತ್ತಲೇ ಮಾತಾಡಿಸಿದಳು, ಸೋನಾಬಾಯಿಯ ಕಡೆ ಮಾತ್ರ ನೋಡಲಿಲ್ಲ. ಶಿವಾಜಿ ಅಕ್ಕನ ಹತ್ತಿರ ಬಂದು, "ಅತ್ತಿ ಎಲ್ಲಾ ಹೇಳ್ಯಾಳಕ್ಕ. ನೀ ಬಾಯಿ ಬಿಟ್ಟು ಕೇಳೋದೇನೈತಿ, ನಿನ್ನ ಮಗಂಗ ನನ್ನ ಮಗಳು" ಎಂದ. ಎಷ್ಟು ಒಳ್ಳೆಯವನು ತಮ್ಮ! ಅವಳಿಗೆ ಅಳು ಬಂತು.

ಆರತಿ ಆಯಿತು. ಹುಲಿಗೆವ್ವ ಮೊಣಕಾಲು ಹಿಡಿದುಕೊಂಡು ಕೂಸಿನ ಮುಂದೆ ಕೂತು, ಸೊಂಟದ ಚೀಲದಿಂದ ಕಡಗ ತೆಗೆದಳು. "ಕಾಲು ಚಾಚಸವ್ವಾ ಪೂನಮ" ಎಂದಳು. ಪೂನಮ ಗಂಡನ ಮುಖ ನೋಡಿದಳು, ಗಂಡ ನಕ್ಕ. ಅವಳ ಕೈ ಸೆರಗಿನ ಮೇಲೆ ಹಾಗೆಯೇ ಬಿಗಿಯಾಗಿತ್ತು.

ಸೋನಾಬಾಯಿ ಮಗನ ಬೆನ್ನು ತಟ್ಟಿದಳು. ಧರ್ಮ ಬಾತುಕೋಳಿಯನ್ನು ಎದೆಗವಚಿಕೊಂಡು ಹೋಗಿ, ಅಜ್ಜಿಗೂ ಕೂಸಿಗೂ ನಡುವೆ ಅದನ್ನಿಟ್ಟ. ಆಮೇಲೆ ಕೊರಳೆತ್ತಿ, ಕಣ್ಣು ಮುಚ್ಚಿ, ಇಡೀ ಮನೆಗೆ ಕೇಳುವ ಹಾಗೆ ಅಂದ:

"ತಂ... ಗಿ."

ಮೂಲೆಯಿಂದ ಯಾರೋ ಕಿಸಕ್ಕನೆ ನಕ್ಕರು. ಹುಲಿಗೆವ್ವನೂ ನಗಲು ನೋಡಿದಳು. "ಹುಚ್ಚಪ್ಪಾ, ತಂಗಿ ಅಲ್ಲೋ! ಪಾಪ, ಅವಂಗೇನು ತಿಳೀತೈತಿ, ತಪ್ಪಂದಾನ."

"ತಪ್ಪಂದಿಲ್ರಿ ಅತ್ತಿ. ನಾನಽ ಕಲಿಸೇನಿ."

ಹುಲಿಗೆವ್ವ ಸೊಸೆಯನ್ನು ನೋಡಿದಳು. ತಾನೇ ತೊಟ್ಟಿಲಲ್ಲಿ ಗುರುತು ಹಾಕಿದ್ದ, ಹತ್ತು ವರ್ಷದಿಂದ ಎದುರಾಡದ ಸೊಸೆ. "ಏನ ಮಾಡಿದಿ ಬೇ ಸೋನಿ" ಎಂದಳು, ದನಿ ಸಣ್ಣದಾಗಿತ್ತು. "ಹಡದ ಮಗನ ಬಾಯಿಗೆ ನಿನ್ನ ಕೈಯಾರೆ ಮಣ್ಣ ಹಾಕಿದೆಲ್ಲ!"

ಶಿವಾಜಿಯ ಮುಖ ಕಪ್ಪಿಟ್ಟಿತು. "ಯಾಕಕ್ಕ? ನನ್ನ ಮಗಳು ನಿನಗ ಬ್ಯಾಡಾದ್ಲೇನು?"

"ಬ್ಯಾಡಾಗಿಲ್ಲೋ ತಮ್ಮಾ" ಎಂದಳು ಸೋನಾಬಾಯಿ. ಹೇಳಬೇಕೆಂದು ದಾರಿಯುದ್ದಕ್ಕೂ ಕೂಡಿಸಿಟ್ಟುಕೊಂಡಿದ್ದ ಮಾತುಗಳು ಬಹಳ ಇದ್ದವು. ಬಾಯಿಗೆ ಬಂದದ್ದು ಇಷ್ಟೇ. "ನನ್ನ ಯಾರೂ ಕೇಳಿರಲಿಲ್ಲ. ಆಕಿನ್ನರ ಕೇಳಬ್ಯಾಡೇನು? ದೊಡ್ಡಾಕಿ ಆಗಲಿ, ಕೇಳ್ರಿ." ಗೋಡೆಗೆ ಬೆನ್ನು ಕೊಟ್ಟು ಅಲ್ಲೇ ಕೂತಳು.

ಧರ್ಮನಿಗೆ ಇದೊಂದೂ ತಿಳಿಯಲಿಲ್ಲ. ಅವನು ಒಬ್ಬೊಬ್ಬರ ಕೈಯನ್ನೇ ನೋಡುತ್ತಿದ್ದ. ಶಾಲೆಯಲ್ಲಿ ಹೊಸ ಮಾತು ಸರಿಯಾಗಿ ಅಂದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಇಲ್ಲಿ ಯಾರ ಕೈಯೂ ಮೇಲೇಳಲಿಲ್ಲ. ಮಾಮನ ಕೈ ಸೊಂಟದ ಮೇಲಿತ್ತು, ಅಜ್ಜಿಯ ಕೈ ಬೆಳ್ಳಿಯನ್ನು ಗಟ್ಟಿಯಾಗಿ ಹಿಡಿದಿತ್ತು. ತಪ್ಪಾಯಿತೇನೋ ಎಂದುಕೊಂಡ. ಇನ್ನೊಮ್ಮೆ, ಮೊದಲಿಗಿಂತ ಜೋರಾಗಿ, "ತಂಗಿ" ಅಂದ.

ಪೂನಮ ಸೆರಗು ಸಡಿಲಿಸಿದಳು. ಮೇಘಾಳ ಎರಡೂ ಕಾಲು ಹೊರಬಂದು ಬಾತುಕೋಳಿಯನ್ನು ಒದ್ದವು. ಮಗಳ ಎರಡೂ ಮುಂಗೈ ಹಿಡಿದು ಪೂನಮ ಚಪ್ಪಾಳೆ ತಟ್ಟಿಸಿದಳು, ಒಮ್ಮೆ, ಇನ್ನೊಮ್ಮೆ, ಮತ್ತೊಮ್ಮೆ. ಅಷ್ಟು ಸಣ್ಣ ಅಂಗೈಗಳಿಂದ ಸದ್ದೇನೂ ಹೊರಡಲಿಲ್ಲ. ಧರ್ಮ ಅದನ್ನು ನೋಡಿ, ಹಲ್ಲು ಬಿದ್ದ ಬಾಯಿ ಪೂರಾ ತೆರೆದು ನಕ್ಕ.