ಎಡಗಡೆಯ ಪೆಟ್ಟಿಗೆ

ಸ್ಪೀಕರ್ ಪೆಟ್ಟಿಗೆಗಳು ಮನೆಗೆ ಬಂದ ದಿನ ಮೇಸ್ತ್ರಿ ಯಾರನ್ನೂ ಅವುಗಳ ಹತ್ತಿರ ಸುಳಿಯಲು ಬಿಡಲಿಲ್ಲ. ಹೊತ್ತು ತಂದವನು ಹೆಂಡತಿಯ ತಮ್ಮ, ಟೆಂಪೊ ಓಡಿಸುವವನು. ಅವನಿಗೂ ಬಾಗಿಲಲ್ಲೇ ಬೈಗುಳ.

"ನಿಧಾನ ಕಣೋ! ಸಿಮೆಂಟ್ ಮೂಟೆ ಅಂದ್ಕೊಂಡ್ಯಾ?"

"ಸಿಮೆಂಟ್ ಮೂಟೆ ಇದಕ್ಕಿಂತ ಹಗುರ, ಭಾವ. ಅದನ್ನ ಹೊತ್ರೆ ಒಂದು ಗೋಡೆನಾದ್ರೂ ಏಳುತ್ತೆ. ಇದ್ರೊಳಗೆ ಏನು, ಹಾಡೋರನ್ನೇ ಕೂರ್ಸಿ ಮೊಳೆ ಹೊಡ್ದಿದ್ದಾರಾ?"

"ಬಾಯಿ ಮುಚ್ಕೊಂಡು ಕಾಲು ನೋಡ್ಕೋ. ಹೊಸ್ತಿಲು ಇದೆ."

ಒಳಗೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿ ದಾರ ಕಚ್ಚಿ ತುಂಡು ಮಾಡುತ್ತ, "ನಾನು ಈ ಮನೆಗೆ ಬಂದ ದಿನ ಇಷ್ಟು ಜೋಪಾನ ಮಾಡಿದ್ದು ನಂಗಂತೂ ನೆನಪಿಲ್ಲ," ಅಂದಳು. ತಮ್ಮ ನಕ್ಕ. ಮೇಸ್ತ್ರಿ ಕೇಳಿಸಿಕೊಳ್ಳಲಿಲ್ಲ.

ಸೊಂಟದೆತ್ತರದ ಎರಡು ಪೆಟ್ಟಿಗೆಗಳು. ಮರದ ಮೈ, ಕೈಯಾಡಿಸಿದರೆ ಕುದುರೆಯ ಬೆನ್ನು ಸವರಿದ ಹಾಗೆ. ಅಂಗಡಿಯವನು ಹೊಸ ಮಾದರಿ ತರಿಸುವಾಗ, ಗಿರಾಕಿಗಳಿಗೆ ಕೇಳಿಸಲೆಂದು ಇಟ್ಟಿದ್ದ ಈ ಹಳೆಯ ಜೋಡಿಯನ್ನು ಮೇಸ್ತ್ರಿಗೆ ಬಿಟ್ಟುಕೊಟ್ಟಿದ್ದ. ಇಲ್ಲದಿದ್ದರೆ ಅವು ಮೇಸ್ತ್ರಿಯಂಥವರ ಮನೆ ಹೊಸ್ತಿಲು ದಾಟುವ ಜಾತಿಯ ವಸ್ತುಗಳಲ್ಲ.

ಆಸೆ ಹುಟ್ಟಿದ್ದು ಪ್ರಾಯದಲ್ಲಿ. ಆಗ ಮೇಸ್ತ್ರಿ ಇನ್ನೂ ಮೇಸ್ತ್ರಿಯಾಗಿರಲಿಲ್ಲ. ತಂಪು ಪಾನೀಯ ತುಂಬುವ ಕಾರ್ಖಾನೆಯಲ್ಲಿ ಹೊಸ ಫಿಟ್ಟರ್. ಮ್ಯಾನೇಜರ ಮನೆಯ ನೀರಿನ ಪಂಪು ಕೆಟ್ಟಿದೆಯೆಂದು ಕಳಿಸಿದ್ದರು. ಕೆಲಸ ಮುಗಿಸಿ, ಪಾನಾ ಕೈಯಲ್ಲಿ ಹಿಡಿದು ಹಜಾರಕ್ಕೆ ಬಂದರೆ ಅಲ್ಲಿ ಒಬ್ಬಳು ಹಾಡುತ್ತಿದ್ದಾಳೆ. ಹಾಡುವವಳು ಕಾಣಿಸುತ್ತಿಲ್ಲ. ಎರಡು ಮೂಲೆಯಲ್ಲಿ ಎರಡು ಪೆಟ್ಟಿಗೆ, ನಡುವೆ ಖಾಲಿ ಗೋಡೆ. ಆದರೆ ದನಿ ಬರುತ್ತಿದ್ದದ್ದು ಪೆಟ್ಟಿಗೆಗಳಿಂದಲ್ಲ, ಆ ಖಾಲಿ ಗೋಡೆಯ ಮುಂದಿನಿಂದ. ಅಲ್ಲಿ ಒಬ್ಬ ಹೆಂಗಸು ನಿಂತಿದ್ದಾಳೆ, ಅವಳ ಬಾಯಿ ನನ್ನ ಎದೆಯೆತ್ತರಕ್ಕಿದೆ ಎಂದು ಬೇಕಾದರೆ ಪ್ರಮಾಣ ಮಾಡಿ ಹೇಳುತ್ತಿದ್ದ. ಅಂದಿನಿಂದ ಅವನಿಗೆ ಬೇಕಾದದ್ದು ಅದೊಂದೇ. ಜೋರಾದ ಸದ್ದು ಬೇಡ. ಸದ್ದು ಕಾರ್ಖಾನೆಯಲ್ಲಿ ಬೇಕಾದಷ್ಟಿತ್ತು. ನಡುವೆ ಬಂದು ನಿಲ್ಲುವ ಆ ದನಿ ತನ್ನ ಮನೆಯಲ್ಲೂ ಬಂದು ನಿಲ್ಲಬೇಕು, ಅಷ್ಟೆ.

ಇದನ್ನು ಹುಚ್ಚು ಅನ್ನುವವರು ಅನ್ನಲಿ. ಒಬ್ಬೊಬ್ಬರಿಗೆ ಒಂದೊಂದು ಇರುತ್ತದೆ. ಇಲ್ಲ ಅನ್ನುವವರು ಸುಳ್ಳು ಹೇಳುತ್ತಾರೆ.

ತಂತಿಗಳನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿ, ಕುರ್ಚಿಯನ್ನು ಅಂಗಡಿಯವನು ಹೇಳಿದ ಹಾಗೆ ಸರಿಯಾಗಿ ನಡುವೆ ಹಾಕಿ, ಮೇಸ್ತ್ರಿ ಕೂತ. ಹಾಡು ಶುರುವಾಯಿತು. ಅವನ ಮುಖ ಮೊದಲು ಅರಳಿತು, ಆಮೇಲೆ ಹುಬ್ಬು ಗಂಟಿಕ್ಕಿತು.

ದನಿ ನಡುವೆ ಇರಲಿಲ್ಲ. ಹಾಡುವವಳು ಬಲಗಡೆಯ ಪೆಟ್ಟಿಗೆಗೆ ಒರಗಿಕೊಂಡು ನಿಂತಿದ್ದಳು. ಎಡಗಡೆಯ ಪೆಟ್ಟಿಗೆ ಕಂಬಳಿ ಹೊದ್ದುಕೊಂಡು ಹಾಡುವ ಹಾಗಿತ್ತು.

"ಎಡಗಡೇದು ಕೆಟ್ಟಿದೆ," ಅಂದ.

"ನಂಗೆ ಚೆನ್ನಾಗೇ ಕೇಳಿಸ್ತಿದೆ," ಅಂದಳು ಹೆಂಡತಿ, ಯಂತ್ರದ ಮುಂದಿನಿಂದ.

"ನಿಂಗೇನು ಗೊತ್ತಾಗುತ್ತೆ? ಕಿವಿ ಮೇಸ್ತ್ರಿ ನೀನೋ ನಾನೋ?"

ಕಾರ್ಖಾನೆಯಲ್ಲಿ ಅವನ ಹೆಸರೇ ಅದು, ಕಿವಿ ಮೇಸ್ತ್ರಿ. ಓಡುವ ಯಂತ್ರದ ಮೈಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟು ಕೇಳಿ, ಯಾವ ಬೇರಿಂಗ್ ಸವೆದಿದೆ, ಯಾವುದು ಇನ್ನೂ ಒಂದು ಬೇಸಿಗೆ ತಡೆಯುತ್ತದೆ ಎಂದು ಹೇಳುವವನು. ಬಾಟಲಿಗಳು ಸಾಲಾಗಿ ಒಂದಕ್ಕೊಂದು ಬಡಿದುಕೊಂಡು ಓಡುವ ಆ ಗದ್ದಲದಲ್ಲಿ ಉಳಿದವರಿಗೆ ಸ್ವಂತ ಮಾತೇ ಕೇಳಿಸುವುದಿಲ್ಲ. ಕಿವಿಗೆ ಹಾಕಿಕೊಳ್ಳಲು ಕಂಪನಿ ಕೊಟ್ಟ ರಬ್ಬರ್ ಬಿರಡೆಗಳನ್ನು ಅವನು ಡಬ್ಬಿಯಿಂದ ತೆಗೆದದ್ದೇ ಇಲ್ಲ. ಬಿರಡೆ ಹಾಕಿಕೊಂಡರೆ ಯಂತ್ರದ ಮಾತು ಕೇಳುವುದು ಹೇಗೆ?

ಫೋನ್ ಮಾಡಿ ಅಂಗಡಿಯವನನ್ನು ತರಾಟೆಗೆ ತೆಗೆದುಕೊಂಡ. "ಷೋಕೇಸಲ್ಲಿಟ್ಟ ಮಾಲು ಅಂತ ಸತ್ತಿರೋದನ್ನ ನನ್ನ ತಲೆಗೆ ಕಟ್ತೀರಾ? ನಾನು ಅದೇ ಕಸುಬು ಮಾಡೋನು ಸ್ವಾಮಿ!"

"ಮೇಸ್ತ್ರಿ, ನಿಮ್ಮ ಮುಂದೇನೇ ಹಾಕಿ ತೋರ್ಸಿದೆನಲ್ಲ..."

"ಅಂಗಡೀಲಿ ಬೀದಿ ಸದ್ದು. ಯಾರಿಗೆ ಗೊತ್ತಾಗುತ್ತೆ?"

ನಿಜವಾಗಿ, ಅಂಗಡಿಯಲ್ಲಿ ಅವನು ಕೇಳಿದ್ದಕ್ಕಿಂತ ನೋಡಿದ್ದೇ ಹೆಚ್ಚು. ಒಲಿದ ಹೆಣ್ಣನ್ನು ನೋಡುವವನಿಗೆ ಅವಳ ಕುಂಟು ಕಂಡೀತೇ?

ಫೋನ್ ಇಟ್ಟು, ಕಸುಬಿನ ರೀತಿಯಲ್ಲೇ ಪರೀಕ್ಷೆಗೆ ಇಳಿದ. ಅವನಿಗೆ ಕೆಲಸ ಕಲಿಸಿದ ಮುದುಕ ಒಂದು ಮಾತು ಹೇಳಿಕೊಟ್ಟಿದ್ದ: ದೋಷ ಎಲ್ಲಿದೆ ಗೊತ್ತಾಗದಿದ್ದರೆ ಅದಲು ಬದಲು ಮಾಡು. ಭಾಗದ ಜೊತೆ ದೋಷವೂ ಹೋದರೆ ಅದು ಭಾಗದ್ದು. ಅಲ್ಲೇ ಉಳಿದರೆ ಭಾಗದ್ದಲ್ಲ, ಬೇರೆ ಕಡೆ ಹುಡುಕು.

"ಬಾರೋ, ಹಿಡ್ಕೋ. ಎಡಗಡೇದು ಬಲಕ್ಕೆ, ಬಲಗಡೇದು ಎಡಕ್ಕೆ."

"ಈಗ ತಾನೇ ಇಟ್ಟೆವಲ್ಲ ಭಾವ! ನನ್ನ ಸೊಂಟ ಏನು ಬಾಡಿಗೆಗೆ ತಂದಿದ್ದಾ?"

ಎತ್ತಿ ಇಟ್ಟರು. ಹಾಡು ಹಾಕಿದರು. ಮಂಕು ಎಡಗಡೆಯಲ್ಲೇ ಇತ್ತು. ಕೆಟ್ಟದ್ದೆಂದು ಬೈಸಿಕೊಂಡ ಪೆಟ್ಟಿಗೆ ಬಲಗಡೆ ಹೋಗಿ ಗಂಟೆಯ ಹಾಗೆ ಹಾಡುತ್ತಿತ್ತು.

"ಹಾಗಾದ್ರೆ ಆಂಪ್ಲಿಫೈಯರ್ದು." ಅದರ ಹಿಂದಿನ ತಂತಿಗಳನ್ನು ಬದಲಿಸಿದ. ಮಂಕು ಕದಲಲಿಲ್ಲ.

ಮೇಸ್ತ್ರಿಯ ಕಣ್ಣು ಕೋಣೆ ಸುತ್ತಿತು. ಎಡಗೋಡೆಗೆ ಒತ್ತಿಕೊಂಡು ಹೆಂಡತಿಯ ಬಟ್ಟೆಯ ಗಂಟುಗಳಿದ್ದವು. ಶಾಲೆಯ ಮಕ್ಕಳ ಸಮವಸ್ತ್ರಕ್ಕೆಂದು ಬಂದ ನೀಲಿ ಬಟ್ಟೆ, ಆಳೆತ್ತರ.

"ಇದೇ! ಬಟ್ಟೆ ಸದ್ದು ಕುಡಿಯುತ್ತೆ. ತೆಗೀ ಇದನ್ನೆಲ್ಲ."

ಹೆಂಡತಿ ಪೆಡಲಿನಿಂದ ಕಾಲು ತೆಗೆದಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಕತ್ತರಿಸಿ ಜೋಡ್ಸಿಟ್ಟಿದ್ದೀನಿ ರೀ, ಅಳತೆ ಪ್ರಕಾರ. ಕಲೆತು ಹೋದ್ರೆ ನೀವು ಬಂದು ಹೊಲೀತೀರಾ?"

"ಒಂದು ಗಳಿಗೆ ಕಣೇ!"

"ಒಂದು ಗಳಿಗೆ ಅಂತೆ. ನಿಮ್ಮ ಹಾಡು ಕೂಳು ಹಾಕಲ್ಲ, ಈ ನೀಲಿ ಚಡ್ಡಿ ಹಾಕುತ್ತೆ."

ಆದರೂ ಎದ್ದಳು. ಗೊಣಗುತ್ತಲೇ ಗಂಟು ಗಂಟಾಗಿ ಅಡುಗೆಮನೆಗೆ ಸಾಗಿಸಿದಳು, ತಮ್ಮನೂ ಕೈಹಾಕಿದ. ಎಡಗೋಡೆ ಬೋಳಾಯಿತು. ಮೇಸ್ತ್ರಿ ಕೂತು ಕೇಳಿದ. ಮತ್ತೆ ಕೇಳಿದ. ಹಾಡುವವಳು ಬಲಕ್ಕೇ ಒರಗಿದ್ದಳು.

"ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ," ಅಂದಳು ಹೆಂಡತಿ ಅಡುಗೆಮನೆಯಿಂದ.

ತಮ್ಮ ನೆಲದ ಮೇಲೆ ಕಾಲು ಚಾಚಿ ಬೆವರು ಒರೆಸಿಕೊಳ್ಳುತ್ತಿದ್ದ. "ಪೆಟ್ಟಿಗೆ ಬದಲಾಯ್ಸಿದ್ದಾಯ್ತು, ತಂತಿ ಆಯ್ತು, ಅಕ್ಕನ ಬಟ್ಟೆನೂ ಆಯ್ತು. ಬದಲಾಯ್ಸ್ದೇ ಇರೋದು ಇನ್ನು ನೀವೊಬ್ರೇ, ಭಾವ."

ಅವನು ತಮಾಷೆಗೆ ಹೇಳಿದ್ದು. ಮೇಸ್ತ್ರಿ ಬೈಯಲು ಬಾಯಿ ತೆರೆದವನು ತಡೆದುಕೊಂಡ. ಕಸುಬು ಗೊತ್ತಿದ್ದವನಿಗೆ ಅದು ತಮಾಷೆಯ ಮಾತಾಗಿರಲಿಲ್ಲ. ಎದ್ದು ಕುರ್ಚಿಯನ್ನು ಹಿಂದುಮುಂದು ತಿರುಗಿಸಿ, ಪೆಟ್ಟಿಗೆಗಳಿಗೆ ಬೆನ್ನು ಹಾಕಿ ಕೂತ.

"ಹಾಕು."

ಹಾಡುವವಳು ಕೋಣೆಯ ಈ ತುದಿಯಿಂದ ಆ ತುದಿಗೆ ಹೋಗಿ, ಇನ್ನೊಂದು ಪೆಟ್ಟಿಗೆಗೆ ಒರಗಿ ನಿಂತಳು. ಇಷ್ಟು ಹೊತ್ತು ಸತ್ತಿದ್ದ ಮೂಲೆ ಜೀವ ಬಂದು ಹಾಡಿತು. ಹಾಡುತ್ತಿದ್ದ ಮೂಲೆ ಕಂಬಳಿ ಹೊದ್ದಿತು.

ದೋಷ ಅವನ ಜೊತೆಗೇ ಬಂದಿತ್ತು.

ಮೇಸ್ತ್ರಿ ಹಾಡು ಮುಗಿಯುವವರೆಗೆ ಗೋಡೆ ನೋಡುತ್ತ ಕೂತಿದ್ದು, ಎದ್ದು ಹಿತ್ತಿಲ ಮೆಟ್ಟಿಲಿಗೆ ಹೋದ. ಭಾವಮೈದುನ ಅಕ್ಕನ ಮುಖ ನೋಡಿದ. ಅವಳು ಕಣ್ಣಲ್ಲೇ ಹೋಗು ಅಂದಳು. ಅವನು ಟೆಂಪೊ ಕೀಲಿ ತೆಗೆದುಕೊಂಡು, ಸದ್ದಾಗದ ಹಾಗೆ ಬಾಗಿಲು ಎಳೆದುಕೊಂಡು ಹೋದ.

ಅವಳು ಎರಡು ಲೋಟ ಟೀ ಹಿಡಿದು ಬಂದು ಪಕ್ಕದಲ್ಲಿ ಕೂತಳು.

"ನಿಂಗೆ ಗೊತ್ತಿತ್ತಾ?" ಅಂದ ಮೇಸ್ತ್ರಿ.

"ಗೊತ್ತಿತ್ತು."

"ಹೇಳೋಕೇನಾಗಿತ್ತು?"

"ಹೇಳಿದ್ದೆ. ಎಡಗಡೆ ಕೂತು ಹೇಳಿದ್ದೆ ಅನ್ಸುತ್ತೆ."

ಬೇರೆ ದಿನವಾಗಿದ್ದರೆ ಅವನು ನಗುತ್ತಿದ್ದ. ಲೋಟವನ್ನು ಕೈಯಲ್ಲಿ ತಿರುಗಿಸುತ್ತ ಕೂತ. "ಸ್ಕ್ರೂಡ್ರೈವರ್ ಹಿಡಿಯೋದು ಯಾವಾಗ್ಲೂ ಎಡಗಿವಿಗೇ ಕಣೇ. ಬಲಗೈಯಲ್ಲಿ ಟಾರ್ಚ್ ಇರುತ್ತಲ್ಲ. ಇಷ್ಟು ವರ್ಷ ಯಾವ ಕಿವಿಯಿಂದ ಅನ್ನ ತಿಂದ್ನೋ ಅದನ್ನೇ ತಿಂದು ಮುಗಿಸಿದ್ದೀನಿ."

ಅವಳು ಸಮಾಧಾನದ ಮಾತು ಆಡಲು ಹೋಗಲಿಲ್ಲ. ಆಡಿದ್ದರೆ ರೇಗುತ್ತಿದ್ದ. "ಟೀ ಆರುತ್ತೆ," ಅಂದಳು.

ಮಾರನೆಯ ದಿನ ಕಾರ್ಖಾನೆಯಲ್ಲಿ ಮೇಸ್ತ್ರಿ ಸ್ಕ್ರೂಡ್ರೈವರ್ ಹಿಡಿಯನ್ನು ಬಲಗಿವಿಗೆ ಇಟ್ಟು, ತಾನು ಈಚೆಗೆ ನೋಡಿದ್ದ ಯಂತ್ರಗಳನ್ನೆಲ್ಲ ಮತ್ತೆ ಕೇಳಿಕೊಂಡು ಬಂದ. ಸರಿಯಿದೆ ಎಂದು ತಾನೇ ಹೇಳಿದ್ದ ಒಂದು ಬೇರಿಂಗ್ ಒಳಗೆ ಮರಳು ಅಗಿಯುವ ಹಾಗೆ ಕರಕರ ಅನ್ನುತ್ತಿತ್ತು. ನಿಲ್ಲಿಸಿ ಬಿಚ್ಚಿಸಿದ. ಜೊತೆಯ ಫಿಟ್ಟರ್, "ಏನ್ ಮೇಸ್ತ್ರಿ, ಕಿವಿ ಬದಲಾಯ್ಸಿದ್ರಾ?" ಅಂದ.

"ಎಡಗಡೇದು ಹೋಯ್ತು," ಅಂದ ಮೇಸ್ತ್ರಿ, ಎಲ್ಲರಿಗೂ ಕೇಳಿಸುವ ಹಾಗೆ. "ಇನ್ನು ಮೇಲೆ ನಾನು ಸರಿ ಅಂದದ್ದನ್ನ ನೀನೂ ಒಂದ್ಸಲ ಕೇಳು. ಮತ್ತೆ ಆ ಬಿರಡೆ ಹಾಕ್ಕೊಳೋ ಕತ್ತೆ!"

ಸಂಜೆ ಅಂಗಡಿಯವನಿಗೆ ಫೋನ್ ಮಾಡಿದ. ಬೈಯುವುದು ಸುಲಭ, ಬೈದದ್ದನ್ನು ವಾಪಸ್ ನುಂಗುವುದು ಬಿಸಿ ತುತ್ತು ನುಂಗಿದ ಹಾಗೆ. ನಿಮ್ಮ ಪೆಟ್ಟಿಗೆ ಸರಿಯಿದೆ, ನನ್ನ ಕಿವಿ ಸರಿಯಿಲ್ಲ, ಅಷ್ಟು ಹೇಳಿದ. ಅಂಗಡಿಯವನು, "ಬೇಕಾದ್ರೆ ವಾಪಸ್ ತಗೋತೀನಿ ಮೇಸ್ತ್ರಿ. ಕೊಟ್ಟ ಹಾಗೇ ತನ್ನಿ," ಅಂದ. ಒಳ್ಳೆಯ ಮನುಷ್ಯ. ಆ ಒಳ್ಳೆಯತನವೇ ಮೇಸ್ತ್ರಿಗೆ ಇನ್ನಷ್ಟು ಚುಚ್ಚಿತು.

ವಾರವಿಡೀ ಪೆಟ್ಟಿಗೆಗಳು ಮೂಕವಾಗಿ ನಿಂತಿದ್ದವು. ಅವನು ಅವುಗಳ ಮುಂದೆ ಹಾದುಹೋಗುವಾಗ ಸಾಲ ಕೊಟ್ಟವರ ಮನೆ ದಾಟುವ ಹಾಗೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ. ಹೆಂಡತಿ, "ಡಾಕ್ಟರಿಗೆ ತೋರಿಸ್ರಿ" ಅಂದಳು. ತೋರಿಸಿದ. ಹೋದದ್ದು ಹೋಯಿತು, ಇದ್ದದ್ದನ್ನು ಉಳಿಸಿಕೋ ಅಂದರು ಡಾಕ್ಟರು. ನಡುವೆ ನಿಲ್ಲುವ ದನಿ ಅವನ ಪಾಲಿಗೆ ಇನ್ನಿಲ್ಲ. ಮತ್ತೆ ಯಾತಕ್ಕೆ ಇಟ್ಟುಕೊಳ್ಳುವುದು? ಬೋಳನಿಗೆ ಬಾಚಣಿಗೆ. ಭಾನುವಾರ ಟೆಂಪೊ ತರಲು ಭಾವಮೈದುನನಿಗೆ ಹೇಳಿ ಕಳಿಸಿದ.

ಭಾನುವಾರ ಬೆಳಿಗ್ಗೆ ಕುರ್ಚಿಯನ್ನು ನಡುವೆ ಹಾಕಿ ಹೆಂಡತಿಯನ್ನು ಕರೆದ. "ಕೂತ್ಕೋ ಬಾ. ಪರೀಕ್ಷೆ ಮಾಡ್ದೇ ಮಾಲು ವಾಪಸ್ ಕೊಡೋ ಪದ್ಧತಿ ನನ್ನದಲ್ಲ. ಎರಡೂ ಸಮ ಇದ್ಯಾ ಹೇಳು, ಸಾಕು."

"ನಂಗೇನು ಗೊತ್ತಾಗುತ್ತೆ ಅಂದಿದ್ರಿ?"

"ಈಗ ಗೊತ್ತಾಗುತ್ತೆ ಅಂತೀನಿ. ಕೂತ್ಕೊಳೇ ಮಾರಾಯ್ತಿ!"

ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡೇ ಅವಳು ಬಂದು ಕೂತಳು. ಇಷ್ಟು ದಿನ ಅವಳು ಕೇಳಿದ್ದು ಯಂತ್ರದ ಮುಂದಿನಿಂದ, ಹೊಲಿಯುತ್ತ. ಹಾಡು ಶುರುವಾಯಿತು. ಮೇಸ್ತ್ರಿ ಅವಳ ಬಾಯಿ ನೋಡುತ್ತ ನಿಂತ.

"ಸಮ ಇದ್ಯಾ?"

ಅವಳು ಕೈಯೆತ್ತಿ ಸುಮ್ಮನಿರಿ ಅಂದಳು.

ಅವನು ಕಾದ. "ಎಡಗಡೆ ಏನು ಕೇಳುತ್ತೆ? ಅದನ್ನಾದ್ರೂ ಹೇಳು."

"ಯಾರೋ ಕಾದ ಇಸ್ತ್ರಿ ಪೆಟ್ಟಿಗೆ ಮೇಲೆ ನೀರು ಚಿಮುಕಿಸ್ತಿದ್ದಾರೆ," ಅಂದಳು. "ಚುಸ್... ಚುಸ್... ಅಂತ. ಸಣ್ಣಗೆ."

ಮೇಸ್ತ್ರಿಗೆ ಗೊತ್ತಾಯಿತು. ಡ್ರಮ್ಮಿನ ಪಕ್ಕದ ಕಂಚಿನ ತಟ್ಟೆ, ಅದನ್ನು ಬ್ರಷ್ಷಿನಿಂದ ಸವರುವುದು. ಈ ಪೆಟ್ಟಿಗೆಗಳಲ್ಲಿ ಆ ಸದ್ದಿದೆ ಎಂದೇ ಅವನಿಗೆ ತಿಳಿದಿರಲಿಲ್ಲ.

"ಅದು ಇಸ್ತ್ರಿ ಅಲ್ಲ ಕಣೇ, ಕಂಚಿನ ತಟ್ಟೆ."

"ಏನೋ ಒಂದು. ನಂಗೆ ಇಸ್ತ್ರೀನೇ. ಅದ್ರ ಹಿಂದೆ ಇನ್ನೊಬ್ಬ ಇದ್ದಾನೆ, ತಂತಿ ಮೀಟ್ತಾನೆ, ದೂರದಲ್ಲಿ. ಗೋಡೆ ಆಚೆ ಕೂತಿರೋ ಹಾಗೆ."

"ಗೋಡೆ ಆಚೆನಾ? ಎಷ್ಟು ಆಚೆ?"

"ಅದನ್ನ ಟೇಪು ಹಿಡಿದು ಅಳೀಲಾ?"

ಹೊರಗೆ ಟೆಂಪೊ ಬಂದು ನಿಂತ ಸದ್ದು. ಭಾವಮೈದುನ ಹಗ್ಗದ ಸುರುಳಿ ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತು, "ಯಾವುದು ಮೊದ್ಲು ಎತ್ಲಿ ಭಾವ, ಎಡಗಡೇದಾ ಬಲಗಡೇದಾ?" ಅಂದ.

"ನಿನ್ನ ಕಾಲು ಎತ್ತು. ಟೆಂಪೊ ತಿರುಗ್ಸು, ಹೋಗು."

"ಏನು? ಭಾನುವಾರದ ನಿದ್ದೆ ಬಿಟ್ಟು ಬಂದಿದ್ದೀನಿ! ಕೊಡೋದೋ ಇಟ್ಕೊಳ್ಳೋದೋ ಒಂದು ಮಾತು ಹೇಳಿ!"

"ಇಟ್ಕೊಳ್ಳೋದು ಕಣೋ, ಕಿವುಡಾ!"

"ಇಬ್ರೂ ಸ್ವಲ್ಪ ಬಾಯಿ ಮುಚ್ಕೊಳ್ತೀರಾ?" ಅಂದಳು ಹೆಂಡತಿ, ತಿರುಗಿ ನೋಡದೆ.

ಇಬ್ಬರೂ ಮುಚ್ಚಿಕೊಂಡರು. ಭಾವಮೈದುನ ಹಗ್ಗ ಕೆಳಗಿಟ್ಟು ಹೊಸ್ತಿಲ ಮೇಲೇ ಕೂತ. ಮೇಸ್ತ್ರಿ ಹೊಲಿಗೆ ಯಂತ್ರದ ಮುಂದಿನ ಸ್ಟೂಲನ್ನು ಎಳೆದು ತಂದು ಹೆಂಡತಿಯ ಬಲಪಕ್ಕಕ್ಕೆ ಹಾಕಿಕೊಂಡ. ಚೆನ್ನಾಗಿರುವ ಕಿವಿಯನ್ನು ಪೆಟ್ಟಿಗೆಗಳ ಕಡೆ ಮಾಡಿ ಕೂತರೆ ಮುಖ ತಾನಾಗಿ ಅವಳ ಕಡೆಗೇ ತಿರುಗುತ್ತಿತ್ತು. ಹಾಗೇ ಕೂತ.

ಸ್ವಲ್ಪ ಹೊತ್ತಿಗೆ ಅವಳ ಹುಬ್ಬು ಮೇಲೇರಿತು.

"ಈಗೇನು?" ಅಂದ, ಪಿಸುಮಾತಿನಲ್ಲಿ.