ಇಪ್ಪತ್ತಾರನೆಯ ತುಂಡು

ಪರದೆಯ ಮೇಲೆ ಬಿಳಿ ಅಕ್ಷರದ ಸಾಲುಗಳು ಕೆಳಗಿನಿಂದ ಮೇಲಕ್ಕೆ ಓಡುತ್ತಿವೆ, ಕಣ್ಣು ಒಂದನ್ನು ಹಿಡಿಯುವಷ್ಟರಲ್ಲಿ ಅದು ಮೇಲೆ ಹೋಗಿ ಮಾಯ, ಅದರ ಹಿಂದೆ ಇನ್ನೊಂದು ರಾಶಿ, ನಡುನಡುವೆ ಹಳದಿ — ಹಳದಿ ಪರವಾಗಿಲ್ಲ, ಹಳದಿ ಅಂದರೆ ಬರೀ ಗೊಣಗಾಟ, ಕೆಂಪು ಬಂದರೆ ಮಾತ್ರ ಕೆಲಸ ಕೆಟ್ಟಿತು, ಕೆಂಪು ಬೇಡ, ಇವತ್ತೊಂದು ದಿನ ಬೇಡ — ತಾನು ಉಗುರು ಕಚ್ಚುತ್ತಿದ್ದೇನೆಂದು ಅವಳಿಗೆ ಗೊತ್ತಾಗಿದ್ದು ನೆತ್ತರಿನ ಉಪ್ಪು ನಾಲಿಗೆಗೆ ತಾಗಿದಾಗ, ಕೈಯನ್ನು ತೊಡೆಯ ಕೆಳಗೆ ಸೇರಿಸಿ ಅದರ ಮೇಲೆ ಕೂತಳು, ಚಿಕ್ಕವಳಿದ್ದಾಗ ಅಮ್ಮ ಕೂರಿಸುತ್ತಿದ್ದ ಹಾಗೆ. ಇನ್ನೂ ಎಷ್ಟು ಹೊತ್ತು ಮೇಡಂ, ವಿಚಾರಣಾ ಕಚೇರಿಯ ಗುಮಾಸ್ತ ಕೇಳಿದ, ಕಿಟಕಿ ಪಕ್ಕ ಕೂತು ಊಟದ ಡಬ್ಬಿಯ ಮುಚ್ಚಳ ಹಾಕುತ್ತ, ಸಾಹೇಬರು ಊಟ ಮುಗಿಸಿ ಬಂದರೆ ವಿಚಾರಣೆ ಶುರು ಮಾಡೇಬಿಡ್ತಾರೆ, ಕಾಯೋ ಮನುಷ್ಯ ಅಲ್ಲ ಅವರು. ಆಗ್ತಾ ಬಂತು ಸಾರ್, ಅಂದಳು, ಆಗುತ್ತಾ ಬಂದಿದೆಯೋ ಇಲ್ಲವೋ ಅವಳಿಗೇ ಗೊತ್ತಿಲ್ಲ, ಮೂಲ ಕೋಡಿನಿಂದ ವಿಡಿಯೊ ಓಡಿಸುವ ಒಂದು ಪ್ಲೇಯರ್ ಕಟ್ಟುವುದು ಅಂದರೆ ಪ್ರತಿ ಸಲವೂ ಹೊಸ ಹೆರಿಗೆ, ಅದರಲ್ಲೂ ಇದು ಹತ್ತು ವರ್ಷ ಹಳೆಯ ಕೋಡು, ಅದನ್ನು ಓದಿ ಕಟ್ಟುವ ಹೊಸ ಕಂಪೈಲರಿನ ಕೈಗೆ ಸಿಕ್ಕು ಸಾಲು ಸಾಲಿಗೂ ಬೈಸಿಕೊಳ್ಳುತ್ತಿದೆ, ಇಲ್ಲಿ ಇದು ತಪ್ಪು, ಅಲ್ಲಿ ಅದು ಹಳತಾಯಿತು, ಯಾರು ನಿನಗೆ ಹೀಗೆ ಬರೆಯಲು ಕಲಿಸಿದ್ದು. ಅವಳ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್, ಅವಳ ತಮ್ಮನ ಪರದ ಲಾಯರಮ್ಮನ ಬಳಿ ಮ್ಯಾಕ್, ಈ ಕಚೇರಿಯ ಮೇಜಿನ ಮೇಲೆ ಹಳದಿಗಟ್ಟಿದ ಕಂಪ್ಯೂಟರ್ ಡಬ್ಬ, ಅದರೊಳಗೆ ಯಾರೂ ಕೇಳದ ಕಾಲದ ವಿಂಡೋಸ್, ಮೂರಕ್ಕೂ ಒಂದೇ ಕೋಡು, ಮೂರು ಒಲೆ ಒಂದೇ ಅಡುಗೆ, ಆದರೆ ಒಂದೊಂದು ಒಲೆಯ ಉರಿ ಒಂದೊಂದು ಥರ — ಲಿನಕ್ಸಿನಲ್ಲಿ ಯಾವುದೋ ಹೆಡರ್ ಫೈಲು ಕಾಣೆ, ಹುಡುಕಿ ಕೊಟ್ಟಾಯಿತು, ಮ್ಯಾಕಿನಲ್ಲಿ ಕಟ್ಟಿದ್ದೇನೋ ಕಟ್ಟಿತು, ಪರೀಕ್ಷೆಯ ವಿಡಿಯೊದ ಬೆಕ್ಕು ಮೈಯೆಲ್ಲ ನೀಲಿ, ಕೆಂಪು ನೀಲಿ ಅದಲುಬದಲು, ಅದನ್ನೂ ತಿದ್ದಾಯಿತು, ನೀಲಿ ಬೆಕ್ಕನ್ನು ನೋಡಿ ಲಾಯರಮ್ಮ ನಕ್ಕಿದ್ದರು, ಆ ನಗುವೇ ಕೊನೆ, ಆಮೇಲೆ ಯಾರೂ ನಕ್ಕಿಲ್ಲ.

ಬೇರೆ ದಾರಿ ಇರಲಿಲ್ಲವಾ, ಇರಲಿಲ್ಲ, ತಮ್ಮ ದುಡಿಯುವ ಗೋದಾಮಿನ ಕ್ಯಾಮರಾ ರೆಕಾರ್ಡರ್ ಮಾಡಿದ ಕಂಪನಿ ಬಾಗಿಲು ಹಾಕಿ ಎಷ್ಟು ವರ್ಷವಾಯಿತೋ, ಅದರ ವಿಡಿಯೊ ಓದುವುದು ಇವತ್ತು ಯಾವ ಪ್ಲೇಯರಿಗೂ ಬಾರದು, ಒಂದು ಕಾಲದಲ್ಲಿ ಬರುತ್ತಿತ್ತು, ಯಾವನೋ ಪುಣ್ಯಾತ್ಮ ಬಿಡುವಿನಲ್ಲಿ ಕೂತು ಬರೆದು ಎಲ್ಲರಿಗೂ ತೆರೆದಿಟ್ಟಿದ್ದ, ಬಳಸುವವರಿಲ್ಲ ಎಂದು ಆಮೇಲೆ ಅದನ್ನು ಕಿತ್ತರು, ಕಿತ್ತರೂ ಹಳೆಯ ಆವೃತ್ತಿಯಲ್ಲಿ ಹಾಗೇ ಇದೆ, ತೆರೆದಿಟ್ಟಿದ್ದರ ಸುಖ ಅದು, ಸಾಯುವುದಿಲ್ಲ. ಬೇರೆ ರೂಪಕ್ಕೆ ಬದಲಾಯಿಸಿ ತೋರಿಸೋಣ ಅಂದರೆ ಗೋದಾಮಿನ ಕಂಪನಿಯ ವಕೀಲ ತಕ್ಷಣ ಎದ್ದು ನಿಂತ, ಬದಲಾಯಿಸಿದ ಮೇಲೆ ಸಾಕ್ಷಿ ಎಲ್ಲಿ ಉಳಿಯಿತು ಸ್ವಾಮಿ, ಅಂದ. ವಿಚಾರಣಾಧಿಕಾರಿ ಸಾಹೇಬರು ಕನ್ನಡಕ ಒರೆಸುತ್ತ ಹೇಳಿದರು, ಡಿಸ್ಕ್ ಸೀಲಾಗಿ ನಮ್ಮ ಹತ್ತಿರ ಇರುತ್ತೆ, ಪ್ರತಿ ಯಾರಿಗೂ ಇಲ್ಲ, ನಮ್ಮ ಮೆಶಿನ್‌ನಲ್ಲೇ, ಇದ್ದದ್ದು ಇದ್ದ ಹಾಗೆ ಓಡಬೇಕು, ನಿಮ್ಮ ಪ್ಲೇಯರಿನಲ್ಲಿ ಏನು ಮಸಲತ್ತಿದೆ ಅಂತ ನಮಗೆ ಹೇಗೆ ಗೊತ್ತಾಗಬೇಕಮ್ಮ. ಎಲ್ಲ ತೆರೆದಿಟ್ಟ ಕೋಡು ಸಾರ್, ಯಾರು ಬೇಕಾದ್ರೂ ಓದಬಹುದು, ಮುಚ್ಚುಮರೆ ಏನೂ ಇಲ್ಲ — ಎದೆಯುಬ್ಬಿಸಿ ಹೇಳಿದ್ದಳು, ಎಷ್ಟು ಸುಲಭವಾಗಿ ಬಾಯಿಗೆ ಬಂತು ಮಾತು. ಪರೀಕ್ಷೆಗೆಂದು ಕೊಟ್ಟಿದ್ದು ಅದೇ ಕ್ಯಾಮರಾದ ಬೇರೊಂದು ದಿನದ ಚೂರು, ಖಾಲಿ ಗೋದಾಮು, ಒಂದು ಬೆಕ್ಕು ದಾಟಿ ಹೋಗುತ್ತದೆ, ಮೂರೂ ಮೆಶಿನ್‌ಗಳಲ್ಲಿ ಬೆಕ್ಕು ಸರಿಯಾಗಿ ದಾಟಿತು, ಕೆಂಚು ಬೆಕ್ಕು ಕೆಂಚಾಗಿಯೇ, ಗೆದ್ದೆ ಅಂದುಕೊಂಡಳು. ಅಂದುಕೊಂಡಿದ್ದೇ ತಪ್ಪು, ಇವತ್ತು ಬೆಳಿಗ್ಗೆ ಇದೇ ಕೋಣೆ, ಗುಮಾಸ್ತ ಸೀಲು ಒಡೆದು ಡಿಸ್ಕ್ ಜೋಡಿಸಿದ, ಅಪಘಾತದ ದಿನದ ವಿಡಿಯೊ ಶುರುವಾಯಿತು, ಎತ್ತರದ ಕಬ್ಬಿಣದ ಅಟ್ಟಗಳು, ರಟ್ಟಿನ ಪೆಟ್ಟಿಗೆಗಳು, ಪೆಟ್ಟಿಗೆ ಎತ್ತಿಡುವ ತಮ್ಮನ ಫೋರ್ಕ್‌ಲಿಫ್ಟ್ ಗಾಡಿ, ಅದರೊಳಗೆ ಅವನ ಬೆನ್ನು, ಆ ಬಾಗಿದ ಬೆನ್ನನ್ನು ಯಾವ ಗುಂಪಿನಲ್ಲಾದರೂ ಗುರುತಿಸುತ್ತಾಳೆ ಅವಳು, ಹಿಂದುಗಡೆ ಉದ್ದಣ್ಣ, ಗಾಡಿಗಳಿಗೆ ಕೈ ತೋರಿಸಿ ದಾರಿ ಬಿಡುವವನು, ಎಲ್ಲರಿಗಿಂತ ಗೇಣು ಎತ್ತರ, ಅದಕ್ಕೇ ಉದ್ದಣ್ಣ — ಗಾಡಿ ಹಿಂದಕ್ಕೆ ಸರಿಯಲು ಶುರುಮಾಡಿತು, ಉದ್ದಣ್ಣನ ತೋಳು ಸೊಂಟದಿಂದ ಮೇಲೇಳಲು ಶುರುಮಾಡಿತು, ಅಲ್ಲಿಗೇ ನಿಂತಿತು. ಮುಗಿಯಿತು. ಮತ್ತೆ ಹಾಕಿದಳು, ಅಲ್ಲಿಗೇ, ಮತ್ತೆ, ಅಲ್ಲಿಗೇ, ಅರ್ಧ ಎದ್ದ ತೋಳು. ಕಂಪನಿಯ ವಕೀಲ ಬಾಗಿಲಲ್ಲಿ ಕತ್ತು ಹಾಕಿ ನೋಡಿ, ಇಷ್ಟೇನಾ, ಫೈಲೇ ಕೆಟ್ಟಿದೆ ಬಿಡಿ, ಇದಕ್ಕೆ ಇಷ್ಟು ದಿನ ಕಾಯಿಸಿದಿರಲ್ಲ, ಎಂದು ಹೋದ. ಅವಳಿಗೆ ಅಳು ಬರಲಿಲ್ಲ, ಕೋಪ ಬಂತು, ಕೆಟ್ಟ ಫೈಲು ಹೀಗೆ ನಿಲ್ಲುವುದಿಲ್ಲ, ಚೆಲ್ಲಾಪಿಲ್ಲಿಯಾಗುತ್ತದೆ, ಹಸಿರು ಕಾರುತ್ತದೆ, ಇದು ಚೊಕ್ಕವಾಗಿ ನಿಂತಿದೆ, ಯಾರೋ ಸಾಕು ಅಂದ ಹಾಗೆ.

ಸಾಕು ಅಂದವರು ಯಾರು, ಅದನ್ನು ಹುಡುಕಲು ಅರ್ಧ ಬೆಳಗು ಹೋಯಿತು, ಸಿಕ್ಕಿದ್ದು ಒಂದು ಅಕ್ಷರ. ವಿಡಿಯೊ ತುಂಡು ತುಂಡಾಗಿ ಇರುತ್ತದೆ, ಯಾವ ತುಂಡು ಎಲ್ಲಿದೆ ಎಂದು ಹೇಳುವ ಸೂಚಿ ಬೇರೆ ಪುಟ್ಟ ಫೈಲಿನಲ್ಲಿ, ಒಂದು, ಎರಡು, ಮೂರು ಎಂದು ತುಂಡುಗಳ ಅಂಕಿ, ಆ ಸೂಚಿಯನ್ನು ತೆರೆಯುವ ಸಾಲಿನಲ್ಲಿ ಪುಣ್ಯಾತ್ಮ ಇದು ಬರೀ ಬರಹವಲ್ಲ, ಬರೀ ಅಂಕಿಗಳ ಬೈನರಿ, ಎಂದು ತಿಳಿಸುವ ಬಿ ಅಕ್ಷರ ಬರೆದೇ ಇಲ್ಲ, ಅವನ ಲಿನಕ್ಸಿಗೆ ಅದು ಬೇಕಾಗಿಯೂ ಇರಲಿಲ್ಲ, ಆದರೆ ವಿಂಡೋಸಿಗೆ ಬರಹದ ಫೈಲಿನಲ್ಲಿ ಇಪ್ಪತ್ತಾರು ಎಂಬ ಅಂಕಿ ಕಂಡರೆ ಅದು ಅಂಕಿಯಲ್ಲ, ಇಲ್ಲಿಗೆ ಮುಗಿಯಿತು ಎಂಬ ಗುರುತು, ಹಿಂದಿನವರು ಇಟ್ಟುಕೊಂಡ ಹಳೆಯ ಒಪ್ಪಂದ. ಬೆಕ್ಕಿನ ವಿಡಿಯೊ ಚಿಕ್ಕದು, ಇಪ್ಪತ್ತಾರಕ್ಕೆ ಬರಲೇ ಇಲ್ಲ. ಇದು ಬಂತು, ಬಂದಲ್ಲೇ ನಿಂತಿತು. ಬಿ ಸೇರಿಸಿದಳು, ಅವಸರಕ್ಕೆ ಎರಡು ಸಲ ಬಿದ್ದು ಒಂದನ್ನು ಅಳಿಸಿದಳು, ಈ ಡಬ್ಬಕ್ಕೆಂದು ಮತ್ತೆ ಮೊದಲಿನಿಂದ ಕಟ್ಟಲು ಬಿಟ್ಟಳು, ಈಗ ಸಾಲುಗಳು ಓಡುತ್ತಿವೆ, ಬೇಗ, ಬೇಗ ಹೋಗ್ರೋ. ಹೊರಗೆ ಕಾರಿಡಾರಿನಲ್ಲಿ ತಮ್ಮ ಕೂತಿದ್ದಾನೆ, ಬೆಂಚಿನ ಈ ತುದಿಗೆ, ಆ ತುದಿಗೆ ಉದ್ದಣ್ಣನ ಹೆಂಡತಿ, ತೊಡೆಯ ಮೇಲೆ ಬಟ್ಟೆಯ ಚೀಲ, ಇಬ್ಬರೂ ಎದುರಿನ ಗೋಡೆ ನೋಡುತ್ತಾರೆ, ಗೋಡೆಯಲ್ಲಿ ಏನೂ ಇಲ್ಲ. ಆ ಗಾಡಿಯ ಕೆಳಗೆ ಸಿಕ್ಕಿ ಉದ್ದಣ್ಣ ಸತ್ತ ಮೇಲೆ ತಮ್ಮ ಅಕ್ಕನ ಮನೆಯಲ್ಲೇ ಇದ್ದಾನೆ, ಸೋಫಾದ ಮೇಲೆ ಮಲಗುತ್ತಾನೆ, ಮಲಗುವುದಿಲ್ಲ, ಅವಳ ಗಂಡ ಒಂದು ದಿನ ಮೆಲ್ಲಗೆ, ಸ್ವಲ್ಪ ಹೊರಗಡೆ ಅಡ್ಡಾಡಿ ಬಾರಪ್ಪ, ಅಂದದ್ದಕ್ಕೆ ಚಪ್ಪಲಿ ಹಾಕಿಕೊಂಡು ಬಾಗಿಲ ತನಕ ಹೋಗಿ ಹಾಗೇ ನಿಂತುಬಿಟ್ಟಿದ್ದ, ಯಾರಾದರೂ ಹೋಗು ಅಂತ ಹೇಳಲಿ ಎಂದು ಕಾಯುವವನ ಹಾಗೆ. ಉದ್ದಣ್ಣ ಬಾ ಅಂದ ಅಕ್ಕಾ, ದೇವರಾಣೆ, ಬಾ ಬಾ ಅಂತ ಕೈ ಮಾಡಿದ, ನಾನು ಹೋದೆ, ಅಷ್ಟೇ, ಎಂದು ಪ್ರತಿ ಸಲ ಹೇಳುವಾಗಲೂ ಬೆರಳುಗಳನ್ನು ತನ್ನ ಕಡೆ ಮಡಿಸಿ ಮಡಿಸಿ ತೋರಿಸುತ್ತಾನೆ, ಕಂಪನಿಯವರು ಚಾಲಕನ ಅಲಕ್ಷ್ಯ ಎಂದು ಬರೆದಿದ್ದಾರೆ, ವಿಡಿಯೊ ನೋಡ್ಲಿ ಅಕ್ಕಾ, ನೀನು ಅದನ್ನ ಓಡಿಸು, ನಿನ್ನ ಕೈಲಾಗುತ್ತೆ, ವಿಡಿಯೊ ನೋಡಿದ್ರೆ ಗೊತ್ತಾಗುತ್ತೆ ಎಲ್ರಿಗೂ. ಅವನಿಗೆ ನಡಿಗೆ ಕಲಿಸಿದ್ದು ಅವಳು, ಅಂಗಳದ ಈ ಕಡೆ ಕುಕ್ಕರಗಾಲಿನಲ್ಲಿ ಕೂತು ಬಾ ಬಾ ಬಾ, ಅವನು ಎಡವುತ್ತ ತಡವುತ್ತ ನೇರ ಬಂದು ಎದೆಗೆ ಗುದ್ದುತ್ತಿದ್ದ, ಬಾ ಅಂದರೆ ಬರುವ ಮಗು ಅದು, ಯಾರು ಕರೆದರೂ ಹೋಗುತ್ತಿತ್ತು, ಅಮ್ಮನಿಗೆ ಅದೇ ಹೆದರಿಕೆ —

ಸಾಲುಗಳು ನಿಂತವು. ಕೆಂಪಿಲ್ಲ. ಕಟ್ಟಿದೆ. ಪೆನ್‌ಡ್ರೈವಿಗೆ ಹಾಕಿ, ಕಿತ್ತು, ಡಬ್ಬದ ಹಿಂದೆ ತಡಕಾಡಿ ಚುಚ್ಚಿದಳು, ಗುಮಾಸ್ತ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದ, ಅಷ್ಟರಲ್ಲಿ ಒಳಗಿನಿಂದ ಗಂಟೆ, ಸಾಹೇಬರು ಕರೀತಿದ್ದಾರೆ, ನೀವು ನೋಡ್ತಿರಿ ಮೇಡಂ, ಬಂದೆ, ಎಂದು ಓಡಿದ, ಅವಳೊಬ್ಬಳೇ. ಒತ್ತಿದಳು. ಅಟ್ಟಗಳು, ಪೆಟ್ಟಿಗೆಗಳು, ಬಾಗಿದ ಬೆನ್ನು, ಗಾಡಿ ಹಿಂದಕ್ಕೆ ಸರಿಯಿತು, ತೋಳು ಸೊಂಟದಿಂದ ಎದ್ದಿತು, ಈಗ ನಿಲ್ಲುತ್ತದೆ, ನಿಲ್ಲಲಿಲ್ಲ, ದಾಟಿತು, ಇಪ್ಪತ್ತಾರು ದಾಟಿತು, ಬಾಯಲ್ಲಿ ಹಾ ಎಂಬ ಸದ್ದು ಬಂದೇಬಿಟ್ಟಿತು, ಗೆದ್ದ ಸದ್ದು, ತೋಳು ಎದೆಯ ಮಟ್ಟಕ್ಕೆ, ಭುಜದ ಮಟ್ಟಕ್ಕೆ, ಮುಂದಕ್ಕೆ ಚಾಚಿತು, ಅಂಗೈ ಪೂರ್ತಿ ತೆರೆದು, ಐದೂ ಬೆರಳು ಅಗಲಿಸಿ, ನಿಲ್ಲು. ಬೆರಳು ಮಡಿಯಲಿಲ್ಲ. ಒಂದು ಸಲವೂ ಮಡಿಯಲಿಲ್ಲ. ಗಾಡಿ ಬರುತ್ತಲೇ ಇದೆ — ಅವಳು ಒತ್ತಿ ನಿಲ್ಲಿಸಿದಳು, ಮುಂದಿನದು ನೋಡಲಾರಳು, ಮೇಲೆ ಫ್ಯಾನು ಕಿರ್ರೆನ್ನುತ್ತಿದೆ, ಗುಮಾಸ್ತನ ಡಬ್ಬಿಯ ಹುಳಿ ವಾಸನೆ ಮೂಗಿಗೆ ಬಡಿಯಿತು, ಯಾರೂ ನೋಡಿಲ್ಲ. ಯಾರೂ ನೋಡಿಲ್ಲ, ಅವಳೊಬ್ಬಳೇ, ಪೆನ್‌ಡ್ರೈವಿನಲ್ಲಿ ಎರಡು ಪ್ಲೇಯರುಗಳಿವೆ, ಬೆಳಗಿನದು, ಈಗಿನದು, ಬೆಳಗಿನದನ್ನೇ ಉಳಿಸಿಕೊಂಡರೆ, ಬೆಳಗಿನದು ಅರ್ಧ ತೋಳಿಗೆ ನಿಲ್ಲುತ್ತದೆ, ಗುಮಾಸ್ತ ಕಣ್ಣಾರೆ ನೋಡಿದ್ದಾನೆ, ಕಂಪನಿಯ ವಕೀಲನೇ ಫೈಲು ಕೆಟ್ಟಿದೆ ಎಂದು ಬಾಯಾರೆ ಹೇಳಿದ್ದಾನೆ, ಲಾಯರಮ್ಮ ಹೇಳಿದ್ದರು, ಏನೂ ಕಾಣಿಸದೇ ಇದ್ರೂ ನಮಗೇ ಒಳ್ಳೇದು ಕಣಮ್ಮ, ಸಂಶಯದ ಲಾಭ ಚಾಲಕನಿಗೆ ಹೋಗುತ್ತೆ — ಅವಳೇನೂ ಅಳಿಸಬೇಕಿಲ್ಲ, ಸುಳ್ಳು ಹೇಳಬೇಕಿಲ್ಲ, ಬರೀ ಒಂದು ಅಕ್ಷರ ಹಾಕದೆ ಬಿಡಬೇಕು, ಹತ್ತು ವರ್ಷದಿಂದ ಯಾರೂ ಹಾಕದ ಅಕ್ಷರ, ಯಾರು ಕೇಳುತ್ತಾರೆ, ಬಾಣದ ಗುರುತು ಬೆಳಗಿನ ಪ್ಲೇಯರಿನ ಮೇಲೆ ಹೋಗಿ ಕೂತಿದೆ, ಅಲ್ಲಿಗೆ ಯಾರು ಒಯ್ದರು ಅದನ್ನು, ಅವಳ ಕೈಯೇ.

ಓಡ್ತಾ ಅಕ್ಕಾ. ಬಾಗಿಲಲ್ಲಿ ತಮ್ಮ. ನಿನ್ನ ಮುಖ ಯಾಕೆ ಹೀಗಿದೆ, ಓಡ್ತಾ, ಎನ್ನುತ್ತ ಒಳಗೆ ಬಂದ, ಅವಳು ಪರದೆಗೆ ಅಡ್ಡ ಕೂರಬೇಕು ಅನ್ನುವಷ್ಟರಲ್ಲಿ ಬಂದೇಬಿಟ್ಟ, ಕುರ್ಚಿಯ ಬೆನ್ನು ಹಿಡಿದು ಬಗ್ಗಿದ, ಅವನ ಉಸಿರು ಅವಳ ಕಿವಿಗೆ ತಾಗುತ್ತಿದೆ, ಬಿಸಿ, ಆಮೇಲೆ ತಾಗುವುದು ನಿಂತಿತು. ಹಿಂದೆ ಹಾಕು, ಅಂದ. ಹಾಕಿದಳು. ಇನ್ನೊಂದ್ಸಲ. ಹಾಕಿದಳು. ಅವನು ತನ್ನ ಕೈ ಎತ್ತಿದ, ಮನೆಯಲ್ಲಿ ಎಷ್ಟೋ ಸಲ ತೋರಿಸಿದ ಹಾಗೆ ಬೆರಳು ಮಡಿಸಲು ಹೋದ, ಮಡಿಸಲಾಗಲಿಲ್ಲ, ಕೈಯನ್ನೇ ನೋಡಿಕೊಂಡ, ಕನ್ನಡೀಲಿ ನೋಡಿದ್ದು ಅಕ್ಕಾ, ಕನ್ನಡಿ ಸಡಿಲ ಆಗಿತ್ತು, ಎಂಜಿನ್ ಶುರುವಾದ್ರೆ ಅದುರ್ತಿತ್ತು, ಅದುರೋ ಕನ್ನಡೀಲಿ ಅವನ ಕೈಯೂ ಆಡ್ತು, ಬಾ ಅಂತ ಕಾಣಿಸ್ತು, ಸಡಿಲ ಆಗಿದೆ ಅಂತ ಹೇಳಿದ್ದೆ ಅವರಿಗೆ, ಹೇಳಿದ್ದೆ ತಾನೇ, ಹೇಳಿದ್ದೆ ಅನ್ಸುತ್ತೆ — ಮಾತು ಅಲ್ಲೇ ಕರಗಿತು, ಕ್ಯಾಮರಾದಿಂದ ಕನ್ನಡಿ ಕಾಣುವುದಿಲ್ಲ, ಅವಳು ಆಗಲೇ ಹುಡುಕಿದ್ದಳು, ಕಣ್ಣು ಕೀಳುವಂತೆ ಹುಡುಕಿದ್ದಳು, ಕಾಣುವುದಿಲ್ಲ. ಲೋ, ಬೆಳಗಿನದೂ ಇದೆ ಕಣೋ, ಅಂದಳು, ಅದು ಅರ್ಧಕ್ಕೇ ನಿಲ್ಲುತ್ತೆ, ಯಾರಿಗೂ ಗೊತ್ತಾಗಲ್ಲ. ಅವನು ಅವಳನ್ನು ನೋಡಿದ, ಅಂಗಳದ ಆಚೆ ತುದಿಯಲ್ಲಿ ನಿಂತು ನೋಡುತ್ತಿದ್ದ ಹಾಗೆ, ಬರಲೋ ಬೇಡವೋ ಎಂದು. ಅದು ಬೇಡ ಅಕ್ಕಾ. ನನಗೆ ಗೊತ್ತಾಗಿದೆಯಲ್ಲ. ಅಷ್ಟೇ ಅಂದ, ಹೊರಗೆ ಹೋದ, ತೆರೆದ ಬಾಗಿಲಿನಿಂದ ಕಾಣುತ್ತಿದೆ, ಬೆಂಚಿನ ಈ ತುದಿಗೆ ಕೂರಲಿಲ್ಲ, ಆ ತುದಿಯ ತನಕ ನಡೆದ, ಆ ಹೆಂಗಸಿನ ಎದುರು ನಿಂತ, ಏನೋ ಹೇಳಿದ, ಆಕೆ ತಲೆಯೆತ್ತಿದಳು, ತೊಡೆಯ ಮೇಲಿನ ಚೀಲವನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡಳು, ಅವನು ನಿಂತೇ ಇದ್ದ. ಅವಳು ಬೆಳಗಿನ ಪ್ಲೇಯರನ್ನು ಅಳಿಸಿದಳು, ನಿಜವಾಗಿಯೂ ಅಳಿಸಬೇಕೇ ಎಂದು ಡಬ್ಬ ಕೇಳಿತು, ಹೌದು ಅಂದಳು. ಸರಿಹೋಯ್ತಾ ಮೇಡಂ, ಗುಮಾಸ್ತ ವಾಪಸು ಬಂದು ಕೇಳಿದ. ಸರಿಹೋಯ್ತು ಸಾರ್, ಕೊನೇತನಕ ಓಡುತ್ತೆ, ಏನು ಬದಲಾಯಿಸಿದೆ ಅಂತ ಸಾಹೇಬರಿಗೆ ಬರೆದು ಕೊಡ್ತೀನಿ, ಒಂದೇ ಅಕ್ಷರ.

ದೊಡ್ಡ ಕೋಣೆ, ಕಿಟಕಿಯ ಪರದೆ ಎಳೆದಿದ್ದಾರೆ, ಗೋಡೆಯ ಮೇಲೆ ಬೆಳಕಿನ ಚೌಕ, ಕನ್ನಡಿ ಸಡಿಲವಿತ್ತು ಎಂದು ಲಾಯರಮ್ಮ ಹೇಳುತ್ತಿದ್ದಾರೆ, ತಪಾಸಣೆಯ ದಾಖಲೆ ಕಂಪನಿ ತರಲಿ ಎನ್ನುತ್ತಿದ್ದಾರೆ, ಕಂಪನಿಯ ವಕೀಲ ಇನ್ನೇನೋ ಎನ್ನುತ್ತಿದ್ದಾನೆ, ಸಾಹೇಬರು ಇಬ್ಬರನ್ನೂ ಸುಮ್ಮನಿರಿಸಿ, ಮೊದಲು ನೋಡೋಣ, ಎಂದರು, ಎಲ್ಲರೂ ನೋಡುತ್ತಿದ್ದಾರೆ, ತಮ್ಮನೂ ನೋಡುತ್ತಿದ್ದಾನೆ, ಕಣ್ಣು ಕೆಳಗೆ ಹಾಕಿಲ್ಲ, ಉದ್ದಣ್ಣನ ಹೆಂಡತಿ ಎದ್ದು ನಿಂತಿದ್ದಾಳೆ, ಕೂತ್ಕೊಳ್ಳಿಯಮ್ಮ ಎಂದು ಗುಮಾಸ್ತ ಪಿಸುಗುಟ್ಟಿದರೂ ಕೂರಲಿಲ್ಲ, ಗಂಡ ಗೋಡೆಯ ಮೇಲೆ ನಡೆದು ಬರುತ್ತಿದ್ದಾನೆ, ಬದುಕಿದ್ದಾನೆ, ಸೊಂಟದಿಂದ ತೋಳು ಎತ್ತುತ್ತಿದ್ದಾನೆ, ಸಾಹೇಬರು ಕೈ ಬೀಸಿ, ಅಲ್ಲೇ ನಿಲ್ಲಿಸಿ, ಅಲ್ಲೇ, ಅಂದರು, ಅವಳ ಬೆರಳು ಒತ್ತಿತು, ಇನ್ನು ಏನೂ ಓಡುತ್ತಿಲ್ಲ, ಗೋಡೆಯ ತುಂಬ ಒಂದು ಕೈ, ತೆರೆದ ಅಂಗೈ, ಅಗಲಿಸಿದ ಬೆರಳು, ಕೈ, ಐದು ಬೆರಳು, ಕೈ.