ಕಗ್ಗಲಿ ಮರದವರೆಗೆ

ಅವ್ವನೇ ಹೇಳಿರಬಹುದೇ? ಇಲ್ಲ, ಅವ್ವ ಎದೆಯ ಮೇಲಿನ ಲಿಂಗದ ಕರಡಿಗೆ ಮುಟ್ಟಿ ತಾನು ಬಾಯಿ ಬಿಟ್ಟಿಲ್ಲ ಎಂದಿದ್ದಳು; ಲಿಂಗ ಹಿಡಿದು ಸುಳ್ಳಾಡುವವಳಲ್ಲ. ಹಾಗಾದರೆ ಮಲ್ಲಿಕಾಂಬಳಿಗೆ ದಾರಿ ತೋರಿಸುತ್ತಿರುವವರು ಯಾರು? ಊರಿಗೆ ನಾಲ್ಕು ದಿಕ್ಕಿದ್ದರೂ ಅವಳ ಕಾಲು ದನ ಮೇಯುವ ಕಾವಲಿನ ಕಡೆಗೇ ಏಕೆ ತಿರುಗುತ್ತದೆ?

ಓಂಕಾರಮೂರ್ತಿ ಜಗಲಿಯ ಮೇಲೆ ಕುಳಿತು, ಹೆಂಡತಿ ಬೀದಿಯ ತಿರುವಿನಲ್ಲಿ ಮರೆಯಾಗುವುದನ್ನೇ ನೋಡುತ್ತಿದ್ದ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈಯನ್ನು ಕಿಬ್ಬೊಟ್ಟೆಯ ಮೇಲಿಟ್ಟುಕೊಂಡು, ತುಂಬಿದ ಕೊಡ ಹೊತ್ತವಳಂತೆ ಮೆಲ್ಲಗೆ ಹೆಜ್ಜೆ ಹಾಕುತ್ತಿದ್ದಳು.

ಎಂಬತ್ತಮೂರನೇ ಇಸವಿಯ ಬೇಸಿಗೆಯಲ್ಲಿ ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಅವಳ ಗರ್ಭಕೋಶ ತೆಗೆಸಿದ್ದರು. ನಿಲ್ಲದೆ ಹೋಗುತ್ತಿದ್ದ ರಕ್ತ ಅವಳನ್ನು ಸುಣ್ಣದ ಗೋಡೆಯಂತೆ ಬಿಳುಚಿಸಿತ್ತು. ಮನೆಗೆ ಕಳಿಸುವಾಗ ಡಾಕ್ಟರಮ್ಮ, ಕೊಡ ಎತ್ತಬೇಡ, ಒನಕೆ ಮುಟ್ಟಬೇಡ, ಹಾಗಂತ ಮಲಗಿಯೂ ಇರಬೇಡ ಎಂದಿದ್ದರು. ಮೊದಲು ಪಡಸಾಲೆಯಲ್ಲಿ, ಆಮೇಲೆ ಅಂಗಳದಲ್ಲಿ, ಮೈ ಒಪ್ಪಿದಂತೆ ಬೀದಿಗೆ ನಡಿಗೆ ಹೆಚ್ಚಿಸುತ್ತಾ ಹೋದರೆ ಹಳೆಯ ಕಸುವು ಬರುತ್ತದೆ ಎಂದಿದ್ದರು. ಮಲ್ಲಿಕಾಂಬ ಅದನ್ನು ವ್ರತದಂತೆ ಹಿಡಿದಳು. ಊರಿನವರು ಏಳುವ ಮೊದಲೇ ಬಾವಿಯಿಂದ ನೀರು ಸೇದಿ ಹಂಡೆ ತುಂಬಿಸುತ್ತಿದ್ದವಳಿಗೆ, ಒಂದು ಬಿಂದಿಗೆ ಎತ್ತಲು ಅತ್ತೆಯನ್ನು ಕರೆಯಬೇಕಾದದ್ದು ನಾಚಿಕೆಯಾಗಿತ್ತು.

ಎದುರುಮನೆಯ ಪಂಕಜಾಕ್ಷಿ ಬಾಗಿಲಲ್ಲೇ ನಿಂತು ಕೆಣಕುತ್ತಿದ್ದಳು: “ಏನಕ್ಕಾ, ದಿನಾ ಊರು ಅಳೀತೀಯಲ್ಲ, ಶಾನುಭೋಗ್ರು ಸಂಬಳ ಕೊಡ್ತಾರಾ?”

“ನಿನ್ ನಾಲ್ಗೆ ಅಳ್ಯಕ್ಕಾಗ್ದೆ ಊರು ಅಳೀತಿದೀನಿ ಕಣೇ.”

ಆಪರೇಷನ್ ಮುಗಿದ ದಿನ ತೆಗೆದದ್ದನ್ನು ಓಂಕಾರಮೂರ್ತಿಗೆ ತಟ್ಟೆಯಲ್ಲಿ ತೋರಿಸಿದ್ದರು. ಅವನ ತಾಯಿ ತೀರ್ಥಮ್ಮ ಮೊದಲೇ ಹೇಳಿ ಕಳಿಸಿದ್ದಳು. ಮನೆಯ ಹೆಂಗಸಿನ ಮೈಯ ತುಂಡು ಬೇರೆ ಊರಿನ ಕಸದ ಪಾಲಾಗಬಾರದು, ತಂದು ಹಿತ್ತಿಲಲ್ಲಿ, ಹೆರಿಗೆಯಾದಾಗ ಮಾಸು ಹೂಳುವ ಕಡೆ ಹೂತುಬಿಡು ಎಂದು. ಅವನು ಆಯಾಳನ್ನು ಕಾಡಿ ಬೇಡಿ ಅದನ್ನು ಊಟದ ಕ್ಯಾರಿಯರಿನ ಕೆಳಗಿನ ಡಬ್ಬಿಗೆ ಹಾಕಿಸಿಕೊಂಡ. ಹೆಂಡತಿಯ ಹತ್ತಿರ ನಾದಿನಿಯನ್ನು ಬಿಟ್ಟು ರೈಲು ಹತ್ತಿದ. ತರೀಕೆರೆಯಲ್ಲಿ ಹತ್ತಿದ ಕಾಯಿ ವ್ಯಾಪಾರಿ ಬೆನಕಪ್ಪ, ಅವನ ತೊಡೆಯ ಮೇಲಿದ್ದ ಡಬ್ಬಿ ನೋಡಿ ನಕ್ಕ.

“ಏನ್ ಮೂರ್ತಪ್ಪ, ಒಬ್ನೇ ತಿನ್ನಕ್ಕೆ ಬಚ್ಚಿಟ್ಕಂಡಿದೀಯಾ? ಬಿಚ್ಚಪ್ಪ, ನಂಗೂ ಹಸಿವು.”

ಓಂಕಾರಮೂರ್ತಿ ನಗಲಿಲ್ಲ. ಡಬ್ಬಿ ಬೆಚ್ಚಗಿತ್ತು. ಅಥವಾ ಅವನ ತೊಡೆಯೇ ಬೆಚ್ಚಗಿತ್ತೋ ಏನೋ. ಕಡೂರು ಬರುವವರೆಗೂ ಅದು ಆರಲಿಲ್ಲ.

ಊರಿಗೆ ಬಂದ ಮೇಲೆ ಹಿತ್ತಿಲು ಅವನಿಗೆ ಸರಿಕಾಣಲಿಲ್ಲ. ಮಾಸು ಬಂದು ಹೋಗುವಂಥದ್ದು. ಇದು ಅವಳ ಜೊತೆಗೇ ಹುಟ್ಟಿದ್ದು, ಲಿಂಗ ಧರಿಸಿದ ಮೈಯದು. ಹೊಲದ ಕೊನೆಯಲ್ಲಿ, ಎಮ್ಮೆದೊಡ್ಡಿ ಕಾವಲು ಶುರುವಾಗುವಲ್ಲಿ, ಒಂಟಿ ಕಗ್ಗಲಿ ಮರವಿತ್ತು. ಅದರ ಬುಡದಲ್ಲಿ ಗುಂಡಿ ತೋಡಿ, ಡಬ್ಬಿಯನ್ನು ಹಾಗೇ ಇಳಿಸಿದ. ವಿಭೂತಿ ಹಾಕಿ, ಬಿಲ್ವಪತ್ರೆ ಇಟ್ಟು, ಅಪ್ಪನಿಗೆ ಮಾಡಿದಂತೆಯೇ ಮೂರು ಹಿಡಿ ಮಣ್ಣು ಕೊಟ್ಟ. ಮನೆಗೆ ಬಂದು ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು ಸುರಿದುಕೊಳ್ಳುವಾಗ ಚೊಂಬು ನಡುವೆಯೇ ನಿಂತಿತು. ಯಾರು ತೀರಿಹೋದರೆಂದು ಈ ಸ್ನಾನ? ಬದುಕಿರುವ ಹೆಂಡತಿಗೆ ಅವನು ಮಣ್ಣು ಕೊಟ್ಟು ಬಂದಿದ್ದ.

ತಾಯಿಗೆ ಮಾತ್ರ ಹೇಳಿದ. ಅವಳು ಬೈಯಲಿಲ್ಲ. ಅವತ್ತು ಊಟಕ್ಕೂ ಏಳಲಿಲ್ಲ.

ಈಗ ಮಲ್ಲಿಕಾಂಬಳ ನಡಿಗೆ ಬಣವೆ ದಾಟಿತ್ತು, ಕಟ್ಟೆ ದಾಟಿತ್ತು. ದಿನದಿನಕ್ಕೂ ಮರ ಹತ್ತಿರವಾಗುತ್ತಿತ್ತು. ಅಲ್ಲಿಗೆ ಮುಟ್ಟಿದ ದಿನ ಮಣ್ಣು ಅವಳಲ್ಲಿ ಉಳಿದದ್ದನ್ನೂ ಕೇಳುತ್ತದೆ ಎಂಬುದು ಓಂಕಾರಮೂರ್ತಿಯ ಹೆದರಿಕೆ. ಕಡೂರಿನ ರಸ್ತೆ ಸಮನಾಗಿದೆ ಎಂದು ಒಮ್ಮೆ ಅತ್ತ ಕರೆದೊಯ್ದ. ಮೈಲಿಗಲ್ಲಿನ ಹತ್ತಿರ ಅವಳು ಹೊಟ್ಟೆ ಹಿಡಿದುಕೊಂಡು ಕುಕ್ಕರಿಸಿದಳು. ಕಾವಲಿನ ಕಡೆ ನಡೆದರೆ ಇದೇನೂ ಇರುವುದಿಲ್ಲ ಎಂದಳು, ಇವತ್ತು ಸೆಕೆ ಎಂದಷ್ಟು ಸಲೀಸಾಗಿ. ಬಿಸಿಲಿನ ನೆಪ ಹೇಳಿ ನಡಿಗೆಯನ್ನೇ ನಿಲ್ಲಿಸಿ ನೋಡಿದ. ಅವಳ ಕಾಲುಗಳು ಬಾತುಕೊಂಡವು, ಅನ್ನ ಸೇರದಾಯಿತು, ಗೋಡೆಯ ಕಡೆ ತಿರುಗಿ ಮಲಗಿದವಳು ಕರೆದರೂ ಓಗೊಡಲಿಲ್ಲ. ಕೊನೆಗೆ ಅವನೇ ಎಬ್ಬಿಸಿ ಹೊರಗೆ ಕಳಿಸಿದ್ದ.

ಆ ಸಂಜೆ ಅವಳು ಬೀದಿಯ ತಿರುವಿನಲ್ಲಿ ಮರೆಯಾದ ಮೇಲೆ ಜಗಲಿಯಲ್ಲಿ ಕೂರಲಾಗದೆ ಎದ್ದು ಅವಳ ಹಿಂದೆ ಹೋದ. ಹೊಲ ಮುಗಿಯುವಲ್ಲಿ ಕಾವಲಿನ ದನಗಳು ಕಗ್ಗಲಿ ಮರದ ಸುತ್ತ ನಿಂತಿದ್ದವು. ಮೇಯುತ್ತಿರಲಿಲ್ಲ, ಬಾಲ ಸಹ ಆಡಿಸುತ್ತಿರಲಿಲ್ಲ. ಉದ್ದ ಕೊಂಬುಗಳೆಲ್ಲ ಬುಡದ ಕಡೆಗೇ ಬಾಗಿದ್ದವು. ಹೊಸಬರ ನೆರಳು ಕಂಡರೆ ಹಾಯಲು ಬರುವ ಆ ದನಗಳು ಮಲ್ಲಿಕಾಂಬ ಬಂದಾಗ ಸರಿದು ದಾರಿ ಬಿಟ್ಟವು. ಅವಳು ಹೋಗಿ, ಅವನು ತೋಡಿದ್ದ ಗುಂಡಿಯ ಕುಸಿದ ಮಣ್ಣಿನ ಪಕ್ಕದಲ್ಲೇ ಸರಿಯಾಗಿ ಕುಳಿತು, ಅದರ ಮೇಲೆ ಅಂಗೈ ಊರಿದಳು.

“ಬನ್ನಿ, ಕೂತ್ಕಳಿ,” ತಿರುಗಿ ನೋಡದೆಯೇ ಎಂದಳು. “ಇಲ್ಲಿ ಮಣ್ಣು ಬೆಚ್ಚಗೈತೆ ಕಣ್ರೀ.”

ಅವನು ಕೂರಲಿಲ್ಲ.

“ನಮ್ ಕ್ಯಾರಿಯರ್ ಕೆಳಗಿನ ಡಬ್ಬಿ ಎಲ್ಲಿ ಬಿಟ್ರಿ, ನೆನಪಾಯ್ತಾ?”

ಆಸ್ಪತ್ರೆಯಿಂದ ಬಂದ ದಿನವೂ ಇದನ್ನೇ ಕೇಳಿದ್ದಳು. “ರೈಲಲ್ಲಿ ಮರ್ತೆ ಅಂದ್ನಲ್ಲ,” ಎಂದ.

“ನಮ್ಮಪ್ಪ ಕೊಡಿಸಿದ್ದು,” ಎಂದು ಮಣ್ಣನ್ನು ಒಮ್ಮೆ ಸವರಿದಳು, ಮಲಗಿದ ಮಗುವಿನ ಬೆನ್ನು ಸವರುವ ಹಾಗೆ. “ಎಲ್ಲೋ ಜೋಪಾನವಾಗಿರ್ಬೇಕು ಬಿಡಿ.”

ಅಷ್ಟರಲ್ಲಿ ಮಲ್ಲಿಕಾಂಬ ಎದ್ದಳು. ಕೈ ಊರಲಿಲ್ಲ, ಮರ ಹಿಡಿಯಲಿಲ್ಲ, ಹಳೆಯ ಕಾಲದಂತೆ ಒಂದೇ ಸಲಕ್ಕೆ ಎದ್ದಳು. ಕಿಬ್ಬೊಟ್ಟೆಯ ಮೇಲಿರುತ್ತಿದ್ದ ಕೈಯನ್ನು ಬೀಸಿಕೊಂಡು ಮನೆಯ ಕಡೆ ಹೊರಟಳು. ಅವನು ಬೆನ್ನುಹಿಡಿದರೂ ಅವಳನ್ನು ಕೂಡಿಕೊಳ್ಳಲಾಗಲಿಲ್ಲ. ತಿರುಗಿ ನೋಡಿದರೆ ದನಗಳು ತಲೆಯೆತ್ತಿ ಅವನನ್ನೇ ನೋಡುತ್ತಿದ್ದವು.

ಮುಂಗಾರು ಬರುವಷ್ಟರಲ್ಲಿ ಬಾವಿಯ ಹಗ್ಗ ಮತ್ತೆ ಅವಳ ಕೈಗೆ ಬಂತು. ಕೊಡಗಳು ಮೊದಲಿನಂತೆ ತುಂಬಿದವು, ಪಂಕಜಾಕ್ಷಿಗೂ ಕೆಣಕಲು ಏನೂ ಉಳಿಯಲಿಲ್ಲ. ಸಂಜೆಯ ನಡಿಗೆಯನ್ನು ಮಾತ್ರ ಮಲ್ಲಿಕಾಂಬ ಬಿಡಲಿಲ್ಲ. ಕಗ್ಗಲಿ ಮರದವರೆಗೆ ಹೋಗಿ, ಸ್ವಲ್ಪ ಹೊತ್ತು ಕುಳಿತು ಬರುತ್ತಿದ್ದಳು. ಬಂದವಳ ಅಂಗೈಯಲ್ಲಿ ಮಣ್ಣಿರುತ್ತಿತ್ತು; ಕೈ ತೊಳೆಯಲು ನೀರು ಹಾಕುವವನು ಅವನೇ.

ಆ ಮರದ ಬುಡದಲ್ಲಿ ಅವಳಿಗೆ ತಾನು ಮಣ್ಣು ಕೊಟ್ಟಿದ್ದೇನೆಂದು ಓಂಕಾರಮೂರ್ತಿ ಎಂದೂ ಹೇಳಲಿಲ್ಲ.